ಕದ್ದ ಚಿತ್ರಕ್ಕೆ ದೂರು ಕೊಡುವ ಪೋರ್ಟಲ್: 2021ರಿಂದ ಬಳಸಿದ ಮೇಲೆ ಅನಿಸಿದ್ದು

ರೇಟಿಂಗ್: 5ಕ್ಕೆ 3

ಪೂರ್ತಿ ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ದೇಶದ ದೊಡ್ಡ ಆನ್‌ಲೈನ್ ಮಾರುಕಟ್ಟೆಯೊಂದು ನಡೆಸುವ ಕಾಪಿರೈಟ್ ದೂರು ಪೋರ್ಟಲ್ ಇದು. ಯಾವುದು ಅಂತ ಹೆಸರು ಬೇಡ. ನಮ್ಮ ಚಿತ್ರ ಕದ್ದು ಮಾರುವ ಪುಟವನ್ನು ಇದು ತೆಗೆಸಿಕೊಡುತ್ತದೆ. ಕದ್ದವನ ಅಂಗಡಿಯನ್ನು ಮುಟ್ಟುವುದಿಲ್ಲ. ಇಷ್ಟು ಗೊತ್ತಿದ್ದು ಬಳಸಿದರೆ ಪ್ರಯೋಜನ ಉಂಟು. ಇಲ್ಲದಿದ್ದರೆ ಬಿ.ಪಿ. ಏರುವುದಷ್ಟೇ ಲಾಭ.

ನಾನು ಮಡಿಕೇರಿಯಲ್ಲಿ ಜಲವರ್ಣ ಚಿತ್ರ ಬಿಡಿಸುತ್ತೇನೆ. ಐನ್‌ಮನೆ (ಕೊಡವ ಕುಟುಂಬದ ಹಿರಿಯರ ಮನೆ), ಹೂ ಬಿಟ್ಟ ಕಾಫಿ ತೋಟ, ಮಂಜು ಕವಿದ ರಾಜಾಸೀಟ್, ಕೊಡವ ಸೀರೆ ಉಟ್ಟ ಹೆಂಗಸರು, ಇಂಥವೇ. ಪ್ರಿಂಟ್, ಪೋಸ್ಟ್‌ಕಾರ್ಡ್, ಮಗ್ ಮಾಡಿಸಿ ಪೇಟೆಯ ಕೆಲವು ಅಂಗಡಿಗಳಿಗೆ ಕೊಡುತ್ತೇನೆ. ಸೀಸನ್‌ನಲ್ಲಿ ಚೆನ್ನಾಗಿ ಹೋಗುತ್ತವೆ. ಮಳೆಗಾಲದಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯದ ಹಾಗೆ ಕಾಯುವುದೇ ಒಂದು ಉದ್ಯೋಗ. ಕಳ್ಳತನದ ಸುದ್ದಿ ಬಂದದ್ದು ಒಬ್ಬ ಅಂಗಡಿಯವರಿಂದ. "ಅಕ್ಕಾ, ಇದೇ ಮಗ್ ಆನ್‌ಲೈನಲ್ಲಿ ಅರ್ಧ ರೇಟಿಗೆ ಸಿಗ್ತದೆ ಅಂತಾರೆ ಕಸ್ಟಮರ್. ನಾನೇನು ಹೇಳ್ಲಿ?" ಅವರು ಕೇಳಿದ್ದು ನ್ಯಾಯವೇ. ಆದರೆ ನಾನು ಆನ್‌ಲೈನಲ್ಲಿ ಮಗ್ ಮಾರುತ್ತಲೇ ಇರಲಿಲ್ಲ.

ದೂರು ಕೊಡುವುದೇನೂ ಕಷ್ಟವಿಲ್ಲ. ಮಾರಾಟಗಾರನ ಪುಟದ ಲಿಂಕ್, ನಮ್ಮ ಮೂಲ ಚಿತ್ರದ ಲಿಂಕ್, ನಾವೇ ಮಾಲೀಕರೋ ಅವರ ಪರವಾಗಿ ಬರೆಯುತ್ತಿದ್ದೇವೋ ಎಂಬ ವಿವರ, ಹೇಳಿದ್ದೆಲ್ಲ ನಿಜ ಎಂಬ ಘೋಷಣೆ. ಕೊನೆಗೆ ಹೆಸರು ಟೈಪ್ ಮಾಡಿದರೆ ಅದೇ ಸಹಿ. ಫಾರ್ಮ್ ಇಂಗ್ಲಿಷ್‌ನಲ್ಲಿ ಮಾತ್ರ ಇದೆ, ಅದಕ್ಕೆ ಅರ್ಧ ಸ್ಟಾರ್ ಕಟ್. ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಇರುವ ಹೊತ್ತು ನೋಡಿ ಕೂತರೆ ಒಂದು ಕಾಫಿ ಕುಡಿಯುವಷ್ಟರಲ್ಲಿ ಮುಗಿಯುತ್ತದೆ.

ಕಾಪಿರೈಟ್ ರಿಜಿಸ್ಟರ್ ಆಗಿದೆಯಾ ಅಂತಲೂ ಕೇಳುತ್ತದೆ. ಆಗಿಲ್ಲ ಅನ್ನಲು ಹೆದರಬೇಡಿ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಚಿತ್ರ ಬಿಡಿಸಿದಾಗಲೇ ಹಕ್ಕು ಹುಟ್ಟುತ್ತದೆ. ನಾವಿರುವವರೆಗೂ ಇರುತ್ತದೆ, ನಾವು ಹೋದ ಮೇಲೆ ಇನ್ನೂ 60 ವರ್ಷ. ರಿಜಿಸ್ಟ್ರೇಷನ್ ಕಡ್ಡಾಯವಲ್ಲ. ಮಾಡಿಸಿದ್ದರೆ ಕೋರ್ಟಿನಲ್ಲಿ ಅದು ಮೇಲ್ನೋಟದ ಸಾಕ್ಷಿಯಾಗುತ್ತದೆ, ಅಷ್ಟು ಉಪಕಾರ. ಬರೀ ಕಲಾಕೃತಿಗೆ ಫೀಸು 500 ರೂಪಾಯಿ. ಮಗ್, ಟೀ ಶರ್ಟ್‌ನಂಥ ಸರಕಿಗೆ ಬಳಸುವ ಚಿತ್ರವಾದರೆ 2,000, ಜೊತೆಗೆ ಅಂಥದ್ದೇ ಟ್ರೇಡ್‌ಮಾರ್ಕ್ ಇಲ್ಲ ಎಂಬ ಸರ್ಟಿಫಿಕೇಟ್ ಬೇರೆ ತರಬೇಕು. ಯಾರದ್ದಾದರೂ ಆಕ್ಷೇಪಣೆ ಇದೆಯಾ ಎಂದು 30 ದಿನ ಕಾಯುತ್ತಾರೆ. ಎಲ್ಲ ಚಿತ್ರಕ್ಕೂ ಮಾಡಿಸುತ್ತಾ ಕೂತರೆ ಬಣ್ಣ ಕೊಳ್ಳಲು ದುಡ್ಡಿರುವುದಿಲ್ಲ. ಜಾಸ್ತಿ ಮಾರುವ ಕೆಲವಕ್ಕೆ ಮಾತ್ರ ಮಾಡಿಸಿದ್ದೇನೆ.

ಇನ್ನು ಅಸಲಿ ವಿಷಯ. ದೂರು ಕೊಟ್ಟ ಮೇಲೆ ಬರುವ ಮೊದಲ ಉತ್ತರ ಸಾಮಾನ್ಯವಾಗಿ ಒಂದೇ: ಮಾಹಿತಿ ಸಾಲದು. ಆ ಕಡೆ ಕೂತವರು ದಿನಕ್ಕೆ ಎಷ್ಟು ದೂರು ನೋಡುತ್ತಾರೋ ಏನೋ. ಅವರಿಗೆ ಒಂದೇ ನೋಟದಲ್ಲಿ ಕಾಣಬೇಕು. ಉದ್ದುದ್ದ ಬರೆದರೆ ಓದುವುದಿಲ್ಲ.

ನನಗೆ ಇದು ಮನದಟ್ಟಾಗಿದ್ದು ಒಂದು ಸೀರೆ ಚಿತ್ರದಲ್ಲಿ. ಕೊಡವ ಸೀರೆಯಲ್ಲಿ ನೆರಿಗೆ ಹಿಂದೆ ಇರುತ್ತದೆ, ಸೆರಗು ಬಂದು ಬಲ ಭುಜದ ಮೇಲೆ ಕೂರುತ್ತದೆ. ಕದ್ದ ಮಹಾನುಭಾವ ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿದ್ದ. ಚಿತ್ರ ಹುಡುಕುವ ಸಾಫ್ಟ್‌ವೇರ್ ಕಣ್ಣಿಗೆ ಬೀಳದಿರಲಿ ಅಂತ ಹೀಗೆ ಮಾಡುತ್ತಾರೆ. ಸೆರಗು ಎಡ ಭುಜಕ್ಕೆ ಹೋಗಿತ್ತು. ನಮ್ಮೂರಿನ ಯಾರಿಗೆ ತೋರಿಸಿದರೂ ಒಂದು ಸೆಕೆಂಡಿನಲ್ಲಿ ನಗುತ್ತಾರೆ. ಆದರೆ ದೂರು ನೋಡುವವರಿಗೆ ಎಡವೂ ಒಂದೇ ಬಲವೂ ಒಂದೇ. ಎರಡೂ ಬೇರೆ ಬೇರೆ ಚಿತ್ರ ಅಂತ ಉತ್ತರ ಬಂತು.

ಆಮೇಲೆ ಅವನ ಚಿತ್ರವನ್ನು ನಾನು ಮತ್ತೆ ತಿರುಗಿಸಿ, ನನ್ನ ಸ್ಕ್ಯಾನ್ ಮೇಲೆ ಅರ್ಧ ಪಾರದರ್ಶಕ ಮಾಡಿ ಕೂರಿಸಿದೆ. ಗೆರೆ ಮೇಲೆ ಗೆರೆ ಸರಿಯಾಗಿ ಕೂತಿತು. ಕೈಯಲ್ಲಿ ಬಿಡಿಸಿದ ಎರಡು ಚಿತ್ರಗಳಲ್ಲಿ ಬಣ್ಣ ಒಂದೇ ಕಡೆ ಹರಡುವುದು ಸಾಧ್ಯವೇ ಇಲ್ಲ ಅಲ್ವಾ? ನನ್ನ ಸಹಿ ಇದ್ದ ಮೂಲೆಯಲ್ಲಿ ಒರೆಸಿದ ಕಲೆ ಇತ್ತು, ಅದಕ್ಕೊಂದು ಕೆಂಪು ವೃತ್ತ ಹಾಕಿದೆ. ಪಕ್ಕದಲ್ಲಿ ಪೆನ್ಸಿಲ್ ಸ್ಕೆಚ್ಚಿನ ಫೋಟೋ, ಮತ್ತು ಬಿಡಿಸುವಾಗ ಕಾಗದ ಅಲುಗದಂತೆ ಅಂಚಿಗೆ ಹಚ್ಚಿದ ಟೇಪ್ ಕಾಣುವ ಪೂರ್ತಿ ಸ್ಕ್ಯಾನ್. ಇದೆಲ್ಲ ಒಂದೇ ಪುಟದಲ್ಲಿ. ಪುಟ ಬೇಗನೆ ಮಾಯವಾಯಿತು. ಆಗಿನಿಂದ ಪ್ರತಿ ಚಿತ್ರಕ್ಕೂ ಟೇಪ್ ಬಿಚ್ಚುವ ಮೊದಲೇ ಸ್ಕ್ಯಾನ್ ಮಾಡಿ ಇಡುತ್ತೇನೆ. ಆ ಟೇಪಿನ ಅಂಚು ಕಳ್ಳನ ಹತ್ತಿರ ಇರಲು ಸಾಧ್ಯವಿಲ್ಲ.

ಪುಟ ಹೋಯಿತು ಅಂತ ಖುಷಿಪಡಬೇಡಿ. 2013ರ ಕಾಪಿರೈಟ್ ನಿಯಮಗಳಲ್ಲಿ 75ನೇ ನಿಯಮ ಅಂತ ಇದೆ. ದೂರು ಸರಿ ಎಂದು ಮನವರಿಕೆಯಾದರೆ ಮಾರುಕಟ್ಟೆಯವರು 36 ಗಂಟೆಯೊಳಗೆ ಪುಟಕ್ಕೆ ತಡೆ ಹಾಕಬೇಕು. ಆದರೆ 21 ದಿನದೊಳಗೆ ನಾವು ಕೋರ್ಟ್ ಆದೇಶ ತಂದುಕೊಡದಿದ್ದರೆ ಅವರು ಮತ್ತೆ ತೆರೆಯಬಹುದು. ನನಗೆ ಒಮ್ಮೆ ಹಾಗೆಯೇ ಆಯಿತು. ಐನ್‌ಮನೆ ಚಿತ್ರದ ಪುಟ ಹೋಗಿತ್ತು, ಕೆಲವು ವಾರ ಬಿಟ್ಟು ಅದೇ ಫೋಟೋ, ಅದೇ ರೇಟು, ಮತ್ತೆ ಹಾಜರ್. ಇದು ಕಾಫಿ ತೋಟದ ಕಳೆ ಇದ್ದ ಹಾಗೆ. ಒಂದು ಸಲ ಕೊಚ್ಚಿ ಕೈ ತೊಳೆದುಕೊಳ್ಳಲು ಆಗುವುದಿಲ್ಲ.

ಈ ಸೇವೆಯಲ್ಲಿ ನನಗೆ ನಿಜವಾಗಿ ಉಪಯೋಗಕ್ಕೆ ಬಂದ ಉಪಾಯ ಪೋರ್ಟಲ್‌ನಲ್ಲಿ ಎಲ್ಲೂ ಬರೆದಿಲ್ಲ. ಕದ್ದ ಮಾಲನ್ನು ಒಂದು ಆರ್ಡರ್ ಮಾಡಿ ತರಿಸಿಕೊಳ್ಳಿ. ಕಳ್ಳನಿಗೆ ದುಡ್ಡು ಕೊಡಬೇಕಲ್ಲ ಅಂತ ಹೊಟ್ಟೆ ಉರಿಯುತ್ತದೆ, ನಿಜ. ಆದರೆ ಪ್ಯಾಕೆಟ್ಟಿನ ಜೊತೆ ಬರುವ ಬಿಲ್ ಚಿನ್ನ. ಅದರಲ್ಲಿ ಮಾರಾಟಗಾರನ ಜಿಎಸ್‌ಟಿ ನಂಬರ್ ಇರುತ್ತದೆ, ಒಟ್ಟು 15 ಅಕ್ಷರ. ಮೊದಲ ಎರಡು ರಾಜ್ಯದ ಕೋಡ್. ಕರ್ನಾಟಕಕ್ಕೆ 29, ದೆಹಲಿಗೆ 07, ಗುಜರಾತಿಗೆ 24. ನಂತರದ ಹತ್ತು ಅಕ್ಷರ ಆ ವ್ಯಾಪಾರಿಯ ಪ್ಯಾನ್ ನಂಬರ್. ನನಗೆ ಎರಡು ಅಂಗಡಿಗಳಿಂದ ಎರಡು ಬಿಲ್ ಬಂದವು. ಒಂದಕ್ಕೆ ದೇವರ ಹೆಸರು, ಇನ್ನೊಂದಕ್ಕೆ ಸ್ಟೈಲಾದ ಇಂಗ್ಲಿಷ್ ಹೆಸರು. ಒಂದು 07, ಇನ್ನೊಂದು ಬೇರೆ ರಾಜ್ಯ. ಆದರೆ ಮಧ್ಯದ ಹತ್ತು ಅಕ್ಷರ ಒಂದೇ! ಇಬ್ಬರು ಕಳ್ಳರು ಅಂದುಕೊಂಡಿದ್ದೆ, ಒಬ್ಬನೇ ಎರಡು ಅಂಗಿ ಹಾಕಿಕೊಂಡಿದ್ದ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಆ ನಂಬರ್ ಹಾಕಿದರೆ ವ್ಯಾಪಾರದ ಅಸಲಿ ಹೆಸರೂ ಸಿಗುತ್ತದೆ, ಯಾರು ಬೇಕಾದರೂ ನೋಡಬಹುದು.

ಎರಡೂ ಬಿಲ್ಲಿನ ಫೋಟೋ ಹಾಕಿ, ಇದು ಒಬ್ಬನದೇ ಕೆಲಸ, ಪದೇ ಪದೇ ಮಾಡುತ್ತಿದ್ದಾನೆ ಎಂದು ಬರೆದೆ. 2020ರ ಗ್ರಾಹಕ ರಕ್ಷಣೆ ಇ-ಕಾಮರ್ಸ್ ನಿಯಮಗಳನ್ನೂ ನೆನಪಿಸಿದೆ. ಕಾಪಿರೈಟ್ ದೂರಿನ ಮೇಲೆ ತೆಗೆದ ಮಾಲನ್ನು ಮತ್ತೆ ಮತ್ತೆ ಹಾಕುವ ಮಾರಾಟಗಾರರ ದಾಖಲೆ ಇಟ್ಟುಕೊಳ್ಳಲು ಮಾರುಕಟ್ಟೆಯವರು ಪ್ರಯತ್ನ ಮಾಡಬೇಕು ಎಂದು ಅದರಲ್ಲಿದೆ. ಆದರೆ ಅಂಥವನನ್ನು ಹೊರಗೆ ಹಾಕಲೇಬೇಕು ಎಂದಿಲ್ಲ. ಬಾಲಂಗೋಚಿಯಲ್ಲಿ ಅದನ್ನೂ ಸ್ಪಷ್ಟವಾಗಿ ಬರೆದಿದ್ದಾರೆ, ನೋಡಿ! ಏನೇ ಇರಲಿ, ಎರಡೂ ಅಂಗಡಿಯಿಂದ ನನ್ನ ಚಿತ್ರಗಳು ಒಟ್ಟಿಗೆ ಹೋದವು, ಮತ್ತೆ ಬರಲಿಲ್ಲ. ಅಂಗಡಿಗಳು ಇವತ್ತಿಗೂ ಇವೆ. ಈಗ ಬೇರೆ ಯಾರದ್ದೋ ಚಿತ್ರ ಮಾರುತ್ತಿದ್ದಾನೆ. ಅದಕ್ಕೇ ಇನ್ನೊಂದೂವರೆ ಸ್ಟಾರ್ ಕಟ್.

ಟ್ರೇಡ್‌ಮಾರ್ಕ್ ಇದ್ದವರಿಗೆ ಬೇರೆ ಬಾಗಿಲು ಇದೆ. ಅಲ್ಲಿ ಉತ್ತರ ಬೇಗ, ಹುಡುಕುವ ಸವಲತ್ತೂ ಜಾಸ್ತಿ. ನಮ್ಮಂಥ ಒಬ್ಬರೇ ಕೂತು ಕೆಲಸ ಮಾಡುವವರಿಗೆ ಆನ್‌ಲೈನ್ ಅರ್ಜಿಗೆ ಒಂದು ವರ್ಗಕ್ಕೆ 4,500 ರೂಪಾಯಿ. ಪ್ರಿಂಟ್ ಮತ್ತು ಕಾರ್ಡ್ 16ನೇ ವರ್ಗ, ಮಗ್ 21, ಟೀ ಶರ್ಟ್ 25. ಮೂರಕ್ಕೂ ಹಾಕಿದರೆ 13,500. ಅಷ್ಟು ಕೊಟ್ಟರೂ ರಕ್ಷಣೆ ಸಿಗುವುದು ನಮ್ಮ ಹೆಸರು, ಲೋಗೋಗೆ ಮಾತ್ರ. ಕಳ್ಳ ಮೊದಲು ಅಳಿಸುವುದೇ ಅದನ್ನು. ನನಗೆ ಲೆಕ್ಕ ಸರಿಹೋಗಲಿಲ್ಲ, ಬಿಟ್ಟೆ.

ಕದಿಯುವುದನ್ನೇ ತಡೆಯಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಚಿಕ್ಕ ಸೈಜಿನ ಫೋಟೋ ಹಾಕಿ ಅನ್ನುವುದು ಎಲ್ಲರೂ ಕೊಡುವ ಸಲಹೆ. ಪೋಸ್ಟರಿನ ಮಟ್ಟಿಗೆ ಸರಿ. ಎ3 ಪ್ರಿಂಟ್ ಚೊಕ್ಕವಾಗಿ ಬರಬೇಕಾದರೆ 300 ಡಿಪಿಐ (ಇಂಚಿಗೆ 300 ಚುಕ್ಕೆ) ಲೆಕ್ಕದಲ್ಲಿ 3508 × 4961 ಪಿಕ್ಸೆಲ್ ಬೇಕು. ಆದರೆ ಇನ್‌ಸ್ಟಾಗ್ರಾಮಿಗೆ ಹಾಕುವ 1080 ಪಿಕ್ಸೆಲ್ ಅಗಲದ ಫೋಟೋ ಅದೇ ಲೆಕ್ಕದಲ್ಲಿ ಸುಮಾರು 9 ಸೆಂಟಿಮೀಟರ್ ಬರುತ್ತದೆ. ಮಗ್ಗಿಗೂ ಫ್ರಿಜ್ ಮ್ಯಾಗ್ನೆಟ್ಟಿಗೂ ಅಷ್ಟೇ ತಾನೇ ಬೇಕಾಗಿರುವುದು? ಚಿತ್ರದ ಅಡ್ಡಕ್ಕೆ ಹೆಸರು ಬರೆದರೆ ಚಿತ್ರವೇ ಹಾಳು. ಹಾಗಾಗಿ ನಾನೀಗ ಚಪ್ಪಟೆ ಸ್ಕ್ಯಾನ್ ಹಾಕುವುದೇ ಇಲ್ಲ. ಚಿತ್ರವನ್ನು ಮೇಜಿನ ಮೇಲೆ ಓರೆಯಾಗಿಟ್ಟು, ಒಂದು ತುದಿಯ ಮೇಲೆ ಕುಂಚ ಇಟ್ಟು ಫೋಟೋ ತೆಗೆದು ಹಾಕುತ್ತೇನೆ. ನೋಡುವವರಿಗೆ ಚಿತ್ರ ಕಾಣುತ್ತದೆ, ಕದಿಯುವವನಿಗೆ ಕೆಲಸ ಜಾಸ್ತಿ.

ಕಳ್ಳತನ ಅಂದರೆ ಯಾರೋ ಕೂತು ಆರಿಸಿ ಕದಿಯುತ್ತಾರೆ ಅಂತಲೂ ಅಂದುಕೊಳ್ಳಬೇಡಿ, ಎಷ್ಟೋ ಕಡೆ ಯಂತ್ರವೇ ಆರಿಸುತ್ತದೆ. "ಇದು ಟೀ ಶರ್ಟ್ ಮೇಲೆ ಬೇಕು" ಅಂತ ಯಾರಾದರೂ ಕಾಮೆಂಟ್ ಹಾಕಿದರೆ ಆ ಚಿತ್ರವನ್ನು ಎತ್ತಿ ಮಾರಾಟಕ್ಕಿಡುವ ಬಾಟ್‌ಗಳಿವೆ. 2019ರ ಡಿಸೆಂಬರಿನಲ್ಲಿ ಟ್ವಿಟರಿನ ಕಲಾವಿದರು ಇವಕ್ಕೆ ಚೆನ್ನಾಗಿ ಬುದ್ಧಿ ಕಲಿಸಿದರು. ಮಿಕ್ಕಿ ಮೌಸ್ ಬಿಡಿಸಿ, ನಾವು ಕಾಪಿರೈಟ್ ಮುರಿದಿದ್ದೇವೆ, ಡಿಸ್ನಿ ನಮ್ಮ ಮೇಲೆ ಕೇಸು ಹಾಕಲಿ ಎಂಬ ಅರ್ಥದ ಮಾತು ಅದರ ಮೇಲೆಯೇ ಬರೆದು, ಟೀ ಶರ್ಟ್ ಬೇಕು ಅಂತ ಎಲ್ಲರೂ ಕಾಮೆಂಟ್ ಹಾಕಿದರು. ಬಾಟ್‌ಗಳು ಅದನ್ನೂ ಅಂಗಡಿಯಲ್ಲಿಟ್ಟವು. ಈಗಲೂ ನೆನೆಸಿಕೊಂಡರೆ ನಗು ಬರುತ್ತದೆ. ಹಾಗಾಗಿ ಅಭಿಮಾನಿಗಳೇ, ನನ್ನ ಚಿತ್ರ ಟೀ ಶರ್ಟ್ ಮೇಲೆ ಬೇಕಾದರೆ ಮೆಸೇಜ್ ಮಾಡಿ, ಕಾಮೆಂಟ್ ಬೇಡ.

ಕದ್ದದ್ದು ಹುಡುಕಲು, ಚಿತ್ರ ಹಾಕಿದರೆ ಅಂಥದ್ದೇ ಎಲ್ಲಿದೆ ಎಂದು ತೋರಿಸುವ ಗೂಗಲ್ ಲೆನ್ಸ್ ಮತ್ತು ಟಿನ್‌ಐ ಎರಡೂ ಇಟ್ಟುಕೊಂಡಿದ್ದೇನೆ. ಚಿತ್ರವನ್ನು ತಿರುಗಿಸಿಯೂ ಒಮ್ಮೆ ಹುಡುಕಿ, ಪೂರ್ತಿ ಹಾಕುವ ಬದಲು ಒಂದು ತುಂಡು ಕತ್ತರಿಸಿಯೂ ಹುಡುಕಿ. ನಾನು ಐನ್‌ಮನೆ ಜಗಲಿಯಲ್ಲಿ ಕೂರುವ ಹಲಗೆ, ಅಂದರೆ ಐಮರದ ಭಾಗ ಮಾತ್ರ ಕತ್ತರಿಸಿ ಹಾಕುತ್ತೇನೆ, ಅಂಥ ಮರದ ಹಲಗೆ ಬೇರೆ ಊರಿನ ಚಿತ್ರದಲ್ಲಿ ಸಿಗುವುದು ಅಪರೂಪ. ಹಾಗಂತ ಐನ್‌ಮನೆ ಬಿಡಿಸಿದವರೆಲ್ಲ ಕಳ್ಳರಲ್ಲ. ವಿಷಯಕ್ಕೆ, ಶೈಲಿಗೆ ಕಾಪಿರೈಟ್ ಇಲ್ಲ. ನಾನು ಕೂತ ಜಾಗದಲ್ಲೇ ಇನ್ನೊಬ್ಬರು ಕೂತು ಅದೇ ಮನೆ ಬಿಡಿಸಿದರೆ ಅದು ಅವರದು. ಸುಮ್ನೆ ಅಂಥವರ ಮೇಲೆ ದೂರು ಹಾಕಿ ಹೆಸರು ಕೆಡಿಸಿಕೊಳ್ಳಬೇಡಿ.

ಹೋಂಸ್ಟೇಗಳಿಗೆ ಚಿತ್ರ ಮಾಡಿಕೊಡುವವರು ಇದನ್ನು ತಪ್ಪದೆ ಓದಿ, ಯಾಕೆಂದರೆ ಈ ಪೋರ್ಟಲ್ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಯಾರೋ ಹೇಳಿ, ದುಡ್ಡು ಕೊಟ್ಟು ಬರೆಸಿಕೊಂಡ ಪೇಂಟಿಂಗಿನ ಮೊದಲ ಹಕ್ಕುದಾರರು ಬರೆಸಿಕೊಂಡವರೇ, ಬೇರೆ ಒಪ್ಪಂದ ಇಲ್ಲದಿದ್ದರೆ. ವಿರಾಜಪೇಟೆ ಕಡೆಯ ನನ್ನ ಗೆಳತಿ ಬರೆದ ಗೋಡೆ ಚಿತ್ರವನ್ನು ಹೋಂಸ್ಟೇಯವರು ಮಗ್ ಮೇಲೆ ಹಾಕಿ ಆನ್‌ಲೈನಲ್ಲಿ ಮಾರಿದರು. ಅವಳು ದೂರು ಕೊಟ್ಟಳು, ಅವರು ಪೇಮೆಂಟ್ ರಸೀದಿ ತೋರಿಸಿದರು, ಅಲ್ಲಿಗೆ ಮುಗಿಯಿತು. ಅಡ್ವಾನ್ಸ್ ತೆಗೆದುಕೊಳ್ಳುವಾಗಲೇ "ಕಾಪಿರೈಟ್ ಕಲಾವಿದರದ್ದೇ" ಎಂದು ಒಂದು ಸಾಲು ಬರೆಸಿ ಇಬ್ಬರೂ ಸಹಿ ಹಾಕಿ. ಅದಿಲ್ಲದಿದ್ದರೂ ಒಂದು ಹಕ್ಕು ಕಲಾವಿದರ ಹತ್ತಿರವೇ ಉಳಿಯುತ್ತದೆ. 57ನೇ ಸೆಕ್ಷನ್ ಪ್ರಕಾರ ಇದು ನಾನು ಬರೆದದ್ದು ಎಂದು ಹೇಳಿಕೊಳ್ಳಬಹುದು, ಮಾನ ಹೋಗುವ ಹಾಗೆ ಚಿತ್ರವನ್ನು ಕೆಡಿಸಿದರೆ ಕೇಳಬಹುದು. ದೆಹಲಿಯ ವಿಜ್ಞಾನ ಭವನದ ಭಿತ್ತಿಶಿಲ್ಪದ ವಿಷಯದಲ್ಲಿ ಅದನ್ನು ಮಾಡಿದ ಶಿಲ್ಪಿ ಅಮರ್‌ನಾಥ್ ಸೆಹಗಲ್ ಅವರು 2005ರಲ್ಲಿ ಸರ್ಕಾರದ ವಿರುದ್ಧವೇ ಗೆದ್ದದ್ದು ಇದೇ ಸೆಕ್ಷನ್ ಹಿಡಿದು.

ಸ್ಟೋಲ್, ಬಟ್ಟೆಗೆಂದೇ ವಿನ್ಯಾಸ ಮಾಡುವವರಿಗೂ ಒಂದು ಮಾತು. ಡಿಸೈನ್ಸ್ ಕಾಯ್ದೆಯಡಿ ರಿಜಿಸ್ಟರ್ ಮಾಡಿಸಬಹುದಾದ ವಿನ್ಯಾಸವನ್ನು ಮಾಡಿಸದೆ 50ಕ್ಕಿಂತ ಜಾಸ್ತಿ ಪೀಸ್‌ಗೆ ಬಳಸಿದರೆ ಅದರ ಕಾಪಿರೈಟ್ ಹೋಗುತ್ತದೆ. ನಿಮ್ಮ ಕೆಲಸ ಯಾವ ಸಾಲಿಗೆ ಸೇರುತ್ತದೆ ಅಂತ ವಕೀಲರನ್ನು ಕೇಳಿಕೊಂಡು ದೂರು ಹಾಕಿ.

ಕೋರ್ಟಿಗೆ ಯಾಕೆ ಹೋಗಲಿಲ್ಲ ಅಂತ ಕೇಳುವವರಿಗೆ: ಹೋಗಬಹುದು. ಕಾಪಿರೈಟ್ ಕಾಯ್ದೆಯಲ್ಲಿ 62ನೇ ಸೆಕ್ಷನ್ ಇರುವುದರಿಂದ ನಾವು ಇರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು, ದೆಹಲಿಗೆ ಓಡಬೇಕಾಗಿಲ್ಲ. ಪೊಲೀಸರ ಹತ್ತಿರವೂ ಹೋಗಬಹುದು. 63ನೇ ಸೆಕ್ಷನ್ನಿನ ಅಪರಾಧಕ್ಕೆ ವಾರಂಟ್ ಇಲ್ಲದೆ ಬಂಧಿಸಬಹುದು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷದವರೆಗೆ ದಂಡ. ಒಂದು ಮಗ್ಗಿನ ಹಿಂದೆ ಅಷ್ಟು ದೂರ ಹೋಗಲು ನನಗೆ ಮನಸ್ಸಾಗಲಿಲ್ಲ. ಕ್ಯಾಲೆಂಡರಿನಂಥ ದೊಡ್ಡ ಆರ್ಡರೇ ಕದ್ದರೆ ಖಂಡಿತ ಹೋಗುತ್ತೇನೆ.

ಪೋರ್ಟಲ್‌ನವರು ಒಂದೇ ಒಂದು ಬದಲಾವಣೆ ಮಾಡಿದರೆ ನಾಲ್ಕು ಸ್ಟಾರ್ ಕೊಡಲು ಸಿದ್ಧ. ಒಮ್ಮೆ ನನ್ನದು ಅಂತ ಒಪ್ಪಿ ತೆಗೆದ ಚಿತ್ರವನ್ನು ಬೇರೆ ಯಾರಾದರೂ ಮತ್ತೆ ಹಾಕಲು ಬಂದರೆ, ಪುಟ ತೆರೆಯುವ ಮೊದಲೇ ತಡೆಯಲಿ. ನಾನೇ ಮಂಗಳವಾರ ಮಂಗಳವಾರ ಕೂತು ಹುಡುಕುವುದು ತಪ್ಪುತ್ತದೆ. ಸದ್ಯಕ್ಕೆ ಹುತ್ತರಿ ಚಿತ್ರದ ಒಂದು ದೂರು ಬಾಕಿ ಇದೆ, ಉತ್ತರ ಬಂದರೆ ಇದರ ಕೆಳಗೇ ಸೇರಿಸುತ್ತೇನೆ.