ವಿಯೆನ್ನಾದಲ್ಲಿ ಲ್ಯಾಪ್‌ಟಾಪ್ ಹಿಡಿದು ಎಲ್ಲಿ ಕೂರಬೇಕು? ಹಳೇ ಕಾಫಿ ಮನೆಗಳ ಪರವಾಗಿ

ವಿಯೆನ್ನಾದಲ್ಲಿ ಕೂತು ಕೆಲಸ ಮಾಡೋಕೆ ಒಂದೇ ಒಂದು ಜಾಗ ಹೇಳಿ ಎಂದರೆ ನಾನು ಕಾಫೆ ಪ್ರೂಕೆಲ್ ಎನ್ನುತ್ತೇನೆ. ಇದು 1903ರಲ್ಲಿ ಶುರುವಾದ ಕಾಫಿ ಮನೆ. ರಿಂಗ್ ರಸ್ತೆಯ ಷ್ಟೂಬೆನ್‌ರಿಂಗ್ ಭಾಗದಲ್ಲಿದೆ. ಯು3 ಮೆಟ್ರೋದ ಷ್ಟೂಬೆನ್‌ಟೋರ್ ನಿಲ್ದಾಣದಲ್ಲಿ ಇಳಿದು ಮೇಲೆ ಬಂದರೆ ಸಾಕು. ಲ್ಯಾಪ್‌ಟಾಪ್‌ಗೆ ಅನುಕೂಲವಾದ ಕೆಫೆಗಳ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಹೊಸ ಕೆಫೆಗಳೇ ಮೇಲೆ ಇರುತ್ತವೆ. ನನ್ನ ಪಟ್ಟಿಯಲ್ಲಿ ಹಳೇ ಕಾಫಿ ಮನೆಗಳು ಮೇಲಿವೆ. ಯಾಕೆ ಎನ್ನುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನನ್ನ ಕೆಲಸ ಯಂತ್ರಗಳ ಕೈಪಿಡಿ ಬರೆಯುವುದು. ಹೆಚ್ಚಾಗಿ ಪಂಪ್ ಮತ್ತು ವಾಲ್ವ್‌ಗಳದ್ದು. ಯಾವ ಬೋಲ್ಟನ್ನು ಮೊದಲು ಸಡಿಲಿಸಬೇಕು, ಒತ್ತಡ ಇಳಿದಿದೆ ಎಂದು ಹೇಗೆ ಖಚಿತ ಮಾಡಿಕೊಳ್ಳಬೇಕು, ಇಂಥದ್ದೆಲ್ಲ. ಒಂದು ಹೆಜ್ಜೆ ಹಿಂದುಮುಂದಾದರೆ ಎಲ್ಲೋ ಒಬ್ಬ ಮೆಕ್ಯಾನಿಕ್‌ನ ಕೈಗೆ ಪೆಟ್ಟಾಗುತ್ತದೆ. ಹಾಗಾಗಿ ನನಗೆ ಬೇಕಿರುವುದು ಎರಡು ಮೂರು ಗಂಟೆ ಯಾರೂ ಎಬ್ಬಿಸದ ಒಂದು ಕುರ್ಚಿ. ವೈಫೈ ಎಷ್ಟು ವೇಗ, ಕಾಫಿ ಬೀಜ ಯಾವ ದೇಶದ್ದು ಎನ್ನುವುದೆಲ್ಲ ಆಮೇಲಿನ ಮಾತು.

ಆ ಕುರ್ಚಿಯನ್ನು ವಿಯೆನ್ನಾದ ಹಳೇ ಕಾಫಿ ಮನೆಗಳಷ್ಟು ಧಾರಾಳವಾಗಿ ಬೇರೆ ಯಾರೂ ಕೊಡುವುದಿಲ್ಲ. ಇಲ್ಲಿ ಕಾಫಿಗೆ ಕೊಡುವ ದುಡ್ಡು ನಿಜವಾಗಿ ಜಾಗದ ಬಾಡಿಗೆ. ಒಂದು ಮೆಲಾಂಜ್ ಕಾಫಿ ತರಿಸಿಕೊಂಡು ಪೇಪರ್ ಓದುತ್ತಾ ಅರ್ಧ ದಿನ ಕೂತವರನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ. ನೀವಾಗಿ ಕೇಳುವ ತನಕ ಬಿಲ್ ಟೇಬಲ್‌ಗೆ ಬರುವುದಿಲ್ಲ. ಈ ರೂಢಿ ಎಷ್ಟು ಗಟ್ಟಿ ಎಂದರೆ, ವಿಯೆನ್ನಾದ ಕಾಫಿ ಮನೆ ಸಂಸ್ಕೃತಿಯನ್ನು ಆಸ್ಟ್ರಿಯಾ 2011ರಲ್ಲಿ ಯುನೆಸ್ಕೋ ಅಡಿಯ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಲ್ಯಾಪ್‌ಟಾಪ್ ಬರುವುದಕ್ಕೆ ಎಷ್ಟೋ ಮೊದಲೇ ಇಲ್ಲಿ ಜನ ಮನೆಯಿಂದ ಹೊರಗೆ ಕೂತು ಕೆಲಸ ಮಾಡುತ್ತಿದ್ದರು. ಪೀಟರ್ ಆಲ್ಟೆನ್‌ಬರ್ಗ್ ಎಂಬ ಬರಹಗಾರರು ಕಾಫೆ ಸೆಂಟ್ರಾಲನ್ನೇ ತಮ್ಮ ವಿಳಾಸವಾಗಿ ಕೊಟ್ಟಿದ್ದರು. ಅವರ ಟಪಾಲು ಅಲ್ಲಿಗೇ ಬರುತ್ತಿತ್ತು.

ಪ್ರೂಕೆಲ್ ವಿಷಯಕ್ಕೆ ಬರೋಣ. ಮುಂದಿನ ದೊಡ್ಡ ಹಾಲ್ 1950ರ ದಶಕದ್ದು. ಓಸ್ವಾಲ್ಡ್ ಹೇರ್ಡ್‌ಲ್ ಎಂಬ ವಾಸ್ತುಶಿಲ್ಪಿ ಮಾಡಿದ ವಿನ್ಯಾಸ. ಎತ್ತರದ ಚಾವಣಿ, ತಿಳಿ ಬಣ್ಣ, ರಸ್ತೆ ಕಡೆಗೆ ದೊಡ್ಡ ದೊಡ್ಡ ಕಿಟಕಿಗಳು. ಚಳಿಗಾಲದಲ್ಲಿ ವಿಯೆನ್ನಾದ ಬೆಳಕು ಬಲು ಬೇಗ ಮಂಕಾಗುತ್ತದೆ. ಆಗ ಈ ಕಿಟಕಿಗಳ ಬೆಲೆ ಗೊತ್ತಾಗುತ್ತದೆ. ಬಹಳ ಹಳೇ ಕಾಫಿ ಮನೆಗಳಲ್ಲಿ ಕಂದು ಮರ, ಕೆಂಪು ಬಟ್ಟೆ, ಮಂದ ದೀಪ. ನೋಡೋಕೆ ಚೆಂದ, ಕಣ್ಣಿಗೆ ಆಯಾಸ. ಪ್ರೂಕೆಲ್‌ನಲ್ಲಿ ಆ ಕಷ್ಟ ಇಲ್ಲ. ಹೊರಗೆ 2ನೇ ನಂಬರ್ ಟ್ರಾಮ್ ಹೋಗುತ್ತಿರುತ್ತದೆ. ಪರದೆಯಿಂದ ಕಣ್ಣು ತೆಗೆದಾಗ ನೋಡೋಕೆ ದೂರದಲ್ಲಿ ಏನಾದರೂ ಇರುವುದು ಒಳ್ಳೆಯದು.

ಒಳಗೆ ಹೋದ ಮೇಲೆ ಖಾಲಿ ಟೇಬಲ್ ನೋಡಿ ಕೂತರೆ ಆಯಿತು. ಕೋಟನ್ನು ಸ್ಟ್ಯಾಂಡ್‌ಗೆ ನೇತು ಹಾಕಿ. ಕಪ್ಪು ಕೋಟಿನ ಓಬರ್, ಅಂದರೆ ವೇಟರ್, ಬರುತ್ತಾರೆ. ಅವರನ್ನು 'ಹೆರ್ ಓಬರ್' ಎಂದು ಕರೆಯುವುದು ವಾಡಿಕೆ. ಇವರು ನಗುನಗುತ್ತಾ ಮಾತಾಡಿಸುವ ಜನರಲ್ಲ. ಅದನ್ನು ಒರಟುತನ ಎಂದುಕೊಳ್ಳಬೇಡಿ. ಅವರು ನಿಮ್ಮನ್ನು ನಿಮ್ಮ ಪಾಡಿಗೆ ಬಿಡುತ್ತಾರೆ, ಕೆಲಸ ಇರುವವರಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ. ಮೆಲಾಂಜ್ ಎಂದರೆ ಹಾಲು, ನೊರೆ ಇರುವ ಕಾಫಿ. ಫೆರ್ಲೆಂಗರ್ಟರ್ ಎಂದರೆ ನೀರು ಜಾಸ್ತಿ ಹಾಕಿದ, ನಿಧಾನವಾಗಿ ಕುಡಿಯಬಹುದಾದ ಕಾಫಿ. ಬರೆಯುತ್ತಾ ಗುಟುಕರಿಸೋಕೆ ನನಗೆ ಎರಡನೆಯದೇ ಇಷ್ಟ. ಐನ್‌ಷ್ಪೆನರ್ ಮೇಲೆ ಕ್ರೀಮ್ ಗುಡ್ಡೆಯೇ ಇರುತ್ತದೆ, ಕೀಬೋರ್ಡ್ ಹತ್ತಿರ ಬೇಡ.

ಕಾಫಿ ಬರುವುದು ಚಿಕ್ಕ ಬೆಳ್ಳಿ ಬಣ್ಣದ ಟ್ರೇಯಲ್ಲಿ. ಪಕ್ಕದಲ್ಲಿ ಒಂದು ಲೋಟ ನೀರು, ಅದರ ಮೇಲೆ ಕವುಚಿ ಹಾಕಿದ ಚಮಚ. ಆ ನೀರಿನ ಬಗ್ಗೆ ನಾನು ಹೇಳಲೇಬೇಕು. ಅದು ಆಲ್ಪ್ಸ್ ಬೆಟ್ಟಗಳ ಊಟೆ ನೀರು. 1873ರಲ್ಲಿ ತೆರೆದ ಮೊದಲ ಕಾಲುವೆ ರಾಕ್ಸ್ ಮತ್ತು ಷ್ನೇಬೆರ್ಗ್ ಬೆಟ್ಟಗಳಿಂದ ನೀರು ತರುತ್ತದೆ. 1910ರಲ್ಲಿ ತೆರೆದ ಎರಡನೆಯದು ಹೋಖ್‌ಷ್ವಾಬ್ ಕಡೆಯಿಂದ. ಎರಡರಲ್ಲೂ ನೀರು ಇಳಿಜಾರಿನ ಬಲದಿಂದಲೇ ಊರು ಸೇರುತ್ತದೆ. ದಿನವಿಡೀ ಪಂಪ್‌ಗಳ ಬಗ್ಗೆ ಬರೆಯುವ ನನಗೆ, ಪಂಪ್ ಇಲ್ಲದೆ ಬಂದ ನೀರು ಲೋಟದಲ್ಲಿ ಪಕ್ಕದಲ್ಲೇ ಇರುವುದು ತುಂಬಾ ಖುಷಿ ಕೊಡುತ್ತದೆ. ಲೋಟ ಖಾಲಿಯಾದರೆ ಒಳ್ಳೆ ಓಬರ್ ಕೇಳದೆಯೇ ಇನ್ನೊಂದು ತಂದಿಡುತ್ತಾರೆ. ಆರಾಮಾಗಿ ಕೂತಿರಿ ಎಂದು ಹೇಳುವ ರೀತಿ ಅದು.

ಫೋನ್ ಮಾತುಕತೆ ಮಾತ್ರ ಒಳಗೆ ಬೇಡ. ಇದು ಬರೆದಿಟ್ಟ ನಿಯಮ ಏನಲ್ಲ, ಆದರೆ ಪಕ್ಕದ ಟೇಬಲ್‌ನ ಅಜ್ಜಿ ಪೇಪರ್ ಕೆಳಗಿಳಿಸಿ ಒಮ್ಮೆ ನೋಡಿದರೆ ಸಾಕು, ಅರ್ಥವಾಗುತ್ತದೆ. ಪ್ರೂಕೆಲ್ ನನಗೆ ಇಷ್ಟವಾಗಲು ಇದೂ ಒಂದು ಕಾರಣ: ಹತ್ತಿರದಲ್ಲೇ ಷ್ಟಾಡ್ಟ್‌ಪಾರ್ಕ್ ಇದೆ. ಕಾಲ್ ಬಂದರೆ ರಸ್ತೆ ದಾಟಿ ಪಾರ್ಕ್ ಒಳಗೆ ನಡೆಯುತ್ತಾ ಮಾತಾಡುತ್ತೇನೆ. ಸಂಗೀತಗಾರ ಯೋಹಾನ್ ಸ್ಟ್ರೌಸ್‌ನ ಚಿನ್ನದ ಬಣ್ಣದ ಪ್ರತಿಮೆ ತನಕ ಹೋಗಿ ತಿರುಗಿ ಬರುವಷ್ಟರಲ್ಲಿ ಸಾಮಾನ್ಯವಾಗಿ ಮಾತು ಮುಗಿದಿರುತ್ತದೆ.

ಭಾರತದ ತಂಡದ ಜೊತೆ ಕೆಲಸ ಮಾಡುವವರಿಗೆ ಇಲ್ಲಿನ ಗಡಿಯಾರ ಬಹಳ ಅನುಕೂಲ. ಬೇಸಿಗೆಯಲ್ಲಿ ಮೂರೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ನಾಲ್ಕೂವರೆ. ಇಲ್ಲಿ ಮಧ್ಯಾಹ್ನ ಎರಡು ಗಂಟೆ ಆಗುವಷ್ಟರಲ್ಲಿ ಅಲ್ಲಿ ಸಂಜೆ. ಹಾಗಾಗಿ ನಾನು ಬೆಳಗಿನ ಮೀಟಿಂಗ್‌ಗಳನ್ನೆಲ್ಲ ಮನೆಯಲ್ಲೇ ಮುಗಿಸುತ್ತೇನೆ. ಮಧ್ಯಾಹ್ನದ ಊಟದ ಗಲಾಟೆ ತಣ್ಣಗಾದ ಮೇಲೆ ಕಾಫಿ ಮನೆಗೆ ಹೊರಡುತ್ತೇನೆ. ಹನ್ನೆರಡರಿಂದ ಎರಡರ ತನಕ ಊಟದವರಿಗೆ ಟೇಬಲ್ ಬೇಕಿರುತ್ತದೆ. ಆ ಹೊತ್ತಿನಲ್ಲಿ ಕಾಫಿ ಒಂದನ್ನೇ ಇಟ್ಟುಕೊಂಡು ಕೂರುವುದು ಸರಿಯಲ್ಲ. ಕೂರಲೇಬೇಕು ಎಂದರೆ ನೀವೂ ಊಟ ಮಾಡಿ.

ಸಸ್ಯಾಹಾರಿಗಳು ಗಮನಿಸಬೇಕಾದ್ದು: ಫ್ರಿಟ್ಟಾಟೆನ್ ಸೂಪ್. ಒಳಗೆ ದೋಸೆಯ ಎಳೆಗಳಂತೆ ಕಾಣುವುದು ತೇಲುತ್ತಿರುತ್ತದೆ, ಮಾಂಸದ ತುಂಡು ಕಾಣುವುದಿಲ್ಲ. ಆದರೆ ಆ ತಿಳಿಸಾರು ದನದ ಮಾಂಸ ಮೂಳೆ ಕುದಿಸಿ ತೆಗೆದದ್ದು. ಟೋಸ್ಟ್ ಎಂದು ಬರೆದಿದ್ದರೆ ಒಳಗೆ ಹ್ಯಾಮ್ ಇರುತ್ತದೆ ಎಂದೇ ತಿಳಿಯಿರಿ. ಬರೀ ಚೀಸ್ ಹಾಕಿ ಎಂದು ಕೇಳಿದರೆ ಮಾಡಿಕೊಡುತ್ತಾರೆ. ಆಪಲ್ ಷ್ಟ್ರೂಡೆಲ್ ಅಂತೂ ಎಲ್ಲ ಕಡೆ ಸಿಗುತ್ತದೆ.

ಇನ್ನು ಉಳಿದ ಮನೆಗಳು. ರಾಟ್‌ಹೌಸ್ ಎಂಬ ನಗರಸಭೆ ಕಟ್ಟಡದ ಹಿಂದೆ, ಯೋಸೆಫ್‌ಷ್ಟೆಡ್ಟರ್ ರಸ್ತೆಯ ಶುರುವಿನಲ್ಲೇ ಇರುವ ಕಾಫೆ ಐಲೆಸ್ ನನ್ನ ಎರಡನೇ ಆಯ್ಕೆ. ವಿಶಾಲ, ಬೆಳಕು ಚೆನ್ನಾಗಿದೆ, ಇಬ್ಬರು ಎದುರುಬದುರು ಕೂತು ಕೆಲಸದ ಮಾತಾಡಿದರೂ ಯಾರಿಗೂ ತೊಂದರೆ ಆಗುವುದಿಲ್ಲ. ಮಾರಿಯಾಹಿಲ್ಫರ್ ರಸ್ತೆಯ ಪಕ್ಕದ ಗಲ್ಲಿಯಲ್ಲಿರುವ ಕಾಫೆ ಯೆಲಿನೆಕ್ 1910ರದ್ದು. ನಡುವೆ ದೊಡ್ಡ ಕಬ್ಬಿಣದ ಒಲೆ ಇದೆ. ಚಿಕ್ಕ ಜಾಗ, ಚಿಕ್ಕ ಟೇಬಲ್. ಮೇಲ್‌ಗಳಿಗೆ ಉತ್ತರ ಬರೆಯುವಂಥ ಹಗುರ ಕೆಲಸಕ್ಕೆ ಒಂದು ಗಂಟೆ ಕೂರಬಹುದು, ಅದಕ್ಕಿಂತ ಜಾಸ್ತಿ ಹೊತ್ತು ಬೇಡ.

1880ರ ಕಾಫೆ ಷ್ಪೆರ್ಲ್ ಇಡೀ ಊರಿನಲ್ಲೇ ನನಗೆ ಅತಿ ಪ್ರಿಯವಾದ ಕಾಫಿ ಮನೆ, ಆದರೆ ಅಲ್ಲಿ ನಾನು ಲ್ಯಾಪ್‌ಟಾಪ್ ತೆಗೆಯುವುದಿಲ್ಲ. ಯಾರೂ ಬೇಡ ಎಂದಿಲ್ಲ. ಬಿಲಿಯರ್ಡ್ಸ್ ಮೇಜು, ಮರದ ನೆಲ, ಪೇಪರ್ ಮಡಚುವ ಸದ್ದು, ಇವುಗಳ ನಡುವೆ ಹೊಳೆಯುವ ಪರದೆ ನನಗೇ ಹಿಡಿಸುವುದಿಲ್ಲ. ಪ್ರಿಂಟ್ ತೆಗೆದ ಕರಡನ್ನು ಕೆಂಪು ಪೆನ್ನಿನಲ್ಲಿ ತಿದ್ದೋಕೆ ಅಲ್ಲಿಗೆ ಹೋಗುತ್ತೇನೆ. ಹೆಚ್ಚುಕಮ್ಮಿ ಎದುರಿಗೇ ಫಿಲ್ ಇದೆ. ಅದು ಪುಸ್ತಕದಂಗಡಿಯೂ ಹೌದು, ಕೆಫೆಯೂ ಹೌದು. ಅಲ್ಲಿ ಲ್ಯಾಪ್‌ಟಾಪ್ ತೆರೆದು ಕೂತವರೇ ಜಾಸ್ತಿ. ತಗ್ಗಿದ ಸೋಫಾ ಬಿಟ್ಟು ಕುರ್ಚಿ ಹುಡುಕಿಕೊಳ್ಳಿ, ಇಲ್ಲದಿದ್ದರೆ ಸಂಜೆ ಬೆನ್ನು ಹಿಡಿದುಕೊಳ್ಳುತ್ತದೆ.

ಕಾಫೆ ಸೆಂಟ್ರಾಲ್‌ಗೆ ಕೆಲಸ ಇಟ್ಟುಕೊಂಡು ಹೋಗಬೇಡಿ. ಆಲ್ಟೆನ್‌ಬರ್ಗ್ ಬೊಂಬೆ ಈಗಲೂ ಅಲ್ಲಿ ಕೂತಿದೆ, ಆದರೆ ಹೊರಗೆ ಪ್ರವಾಸಿಗರ ಸಾಲು. ಅಷ್ಟು ಜನ ಕಾಯುತ್ತಿರುವಾಗ ನಿಧಾನವಾಗಿ ಟೈಪ್ ಮಾಡುತ್ತಾ ಕೂರೋಕೆ ಮನಸ್ಸು ಬರುವುದಿಲ್ಲ. ಕಾಫೆ ಹವೆಲ್ಕಾ ಕತ್ತಲು, ಇಕ್ಕಟ್ಟು. ಅದು ಸ್ನೇಹಿತರ ಜೊತೆ ರಾತ್ರಿ ಹೋಗಿ ಬಿಸಿ ಬುಖ್‌ಟೆಲ್ನ್ (ಜಾಮ್ ತುಂಬಿದ ಸಿಹಿ ಬನ್) ತಿನ್ನುವ ಜಾಗ. ಒಂದು ಸಮಾಧಾನ ಏನೆಂದರೆ, 2019ರ ನವೆಂಬರ್ 1ರಿಂದ ಆಸ್ಟ್ರಿಯಾದ ಕೆಫೆಗಳ ಒಳಗೆ ಸಿಗರೇಟ್ ಪೂರ್ತಿ ನಿಂತಿದೆ.

ಹೊಸ ಕೆಫೆಗಳ ಬಗ್ಗೆಯೂ ನ್ಯಾಯವಾಗಿ ಹೇಳಬೇಕು. ಕಾಫಿಯ ರುಚಿಯಲ್ಲಿ ಅವು ಹಳೇ ಮನೆಗಳಿಗಿಂತ ಎಷ್ಟೋ ಮುಂದೆ. ಷ್ಪಿಟಾಲ್ ಗಾಸೆಯ ಕಾಫಿ ಪೈರೇಟ್ಸ್, ಷೊಟ್ಟೆನ್‌ಟೋರ್ ಹತ್ತಿರದ ಯೋನಾಸ್ ರೈಂಡ್‌ಲ್, ಎರಡೂ ಒಳ್ಳೆಯವು. ಎರಡೂ ವಿಶ್ವವಿದ್ಯಾಲಯದ ಆಸುಪಾಸಿನಲ್ಲಿವೆ, ಹಾಗಾಗಿ ವಿದ್ಯಾರ್ಥಿಗಳಿಂದ ತುಂಬಿರುತ್ತವೆ. ಆ ಹುರುಪು ಕೆಲವರಿಗೆ ಬೇಕಾಗುತ್ತದೆ. ನನಗೆ ಗ್ರೈಂಡರ್ ಸದ್ದಿನಲ್ಲಿ ವಾಕ್ಯ ಕೈತಪ್ಪಿ ಹೋಗುತ್ತದೆ.

ಚಿಕ್ಕ ಕೆಫೆಗಳಲ್ಲಿ ಈಗ ವಾರಾಂತ್ಯಕ್ಕೆ ಲ್ಯಾಪ್‌ಟಾಪ್ ಬೇಡ ಎಂಬ ಬೋರ್ಡ್ ಕಾಣುತ್ತದೆ. ಆರೇಳು ಟೇಬಲ್ ಇರುವ ಅಂಗಡಿಯಲ್ಲಿ ಎಲ್ಲವನ್ನೂ ಒಂದೊಂದು ಲ್ಯಾಪ್‌ಟಾಪ್ ಹಿಡಿದುಬಿಟ್ಟರೆ ಬಾಡಿಗೆ ಕಟ್ಟುವುದು ಹೇಗೆ? ಆ ಬೋರ್ಡ್ ಹಾಕಿದವರ ಪರ ನಾನು. ನನಗೆ ಬೇಸರ ತರಿಸಿದ್ದು ಬೇರೆ ಥರದ ಜಾಗ. ಏಳನೇ ಜಿಲ್ಲೆಯ ಒಂದು ಕೆಫೆ ತಾನು ದೂರದಿಂದ ಕೆಲಸ ಮಾಡುವವರಿಗಾಗಿಯೇ ಇರುವುದು ಎಂದು ಹೇಳಿಕೊಳ್ಳುತ್ತದೆ. ಒಳಗೆ ಹೋದರೆ ಬೆನ್ನಾನಿಸಲು ಏನೂ ಇಲ್ಲದ ಎತ್ತರದ ಸ್ಟೂಲ್, ಗಂಟೆಗೊಮ್ಮೆ ಕಡಿದುಹೋಗುವ ವೈಫೈ, ಮತ್ತೆ ಪಾಸ್‌ವರ್ಡ್ ಬೇಕೆಂದರೆ ಮತ್ತೊಂದು ಕಾಫಿ. ಸಮಯವನ್ನು ಹೀಗೆ ತುಂಡು ಮಾಡಿ ಮಾರುವ ಕಡೆ ಗಮನ ಇಟ್ಟು ಒಂದು ಪುಟ ಬರೆಯೋಕೂ ಆಗುವುದಿಲ್ಲ.

ಪ್ಲಗ್ ವಿಷಯ. ಹಳೇ ಮನೆಗಳಲ್ಲಿ ಸಾಕೆಟ್ ಕಡಿಮೆ, ಅದೂ ಗೋಡೆ ಬದಿಯಲ್ಲಿ. ಬ್ಯಾಟರಿ ಪೂರ್ತಿ ತುಂಬಿಸಿಕೊಂಡೇ ಹೊರಡಿ. ಭಾರತದ ದಪ್ಪ ಮೂರು ಪಿನ್ ಪ್ಲಗ್ ಇಲ್ಲಿ ಹೋಗುವುದಿಲ್ಲ, ಅಡಾಪ್ಟರ್ ಬೇಕು. ತೆಳು ಎರಡು ಪಿನ್ ಚಾರ್ಜರ್ ಸರಿಹೋಗುತ್ತದೆ. ಪ್ರೂಕೆಲ್‌ನಲ್ಲಿ ವೈಫೈ ಇದೆ, ಆದರೂ ದೊಡ್ಡ ಫೈಲ್ ಕಳಿಸುವುದಿದ್ದರೆ ನಾನು ಫೋನ್ ಹಾಟ್‌ಸ್ಪಾಟ್ ಬಳಸುತ್ತೇನೆ. ಹೋಫರ್ ಸೂಪರ್‌ಮಾರ್ಕೆಟ್‌ನಲ್ಲಿ ಸಿಗುವ ಹಾಟ್ (HoT) ಎಂಬ ಬ್ರ್ಯಾಂಡ್‌ನ ಸಿಮ್ ಅಗ್ಗ. ಪ್ರೀಪೇಯ್ಡ್ ಸಿಮ್‌ಗೆ 2019ರಿಂದ ಗುರುತಿನ ದಾಖಲೆ ಕಡ್ಡಾಯ, ಪಾಸ್‌ಪೋರ್ಟ್ ಕೈಯಲ್ಲಿರಲಿ.

ಪೂರ್ತಿ ದಿನ ಕೂರಬೇಕು, ದುಡ್ಡೂ ಖರ್ಚಾಗಬಾರದು ಎನ್ನುವವರಿಗೆ ಗ್ಯೂರ್ಟೆಲ್ ರಸ್ತೆಯ ಮುಖ್ಯ ಗ್ರಂಥಾಲಯ ಇದೆ. 2003ರಲ್ಲಿ ತೆರೆದದ್ದು. ಮುಂದಿನ ಅಗಲವಾದ ಮೆಟ್ಟಿಲ ಸಾಲು ನೋಡಿದರೆ ಗೊತ್ತಾಗುತ್ತದೆ, ಯು6 ಮೆಟ್ರೋ ನಿಲ್ದಾಣ ಅದಕ್ಕೇ ಅಂಟಿಕೊಂಡಿದೆ. ಒಳಗೆ ಕೂತು ಓದೋಕೆ ದುಡ್ಡು ಕೊಡಬೇಕಿಲ್ಲ. ಭಾನುವಾರ ಮಾತ್ರ ಮುಚ್ಚಿರುತ್ತದೆ.

ಖರ್ಚಿನ ಲೆಕ್ಕ ಹೀಗೆ. ಹಳೇ ಮನೆಗಳಲ್ಲಿ ಮೆಲಾಂಜ್‌ಗೆ 5ರಿಂದ 7 ಯೂರೋ. ಮೂರು ಗಂಟೆ ಕೂತರೆ ನಾನು ಎರಡು ಕಾಫಿ, ಒಂದು ಚೀಸ್ ಟೋಸ್ಟ್ ತೆಗೆದುಕೊಳ್ಳುತ್ತೇನೆ. ಟಿಪ್ ಸೇರಿ 20 ಯೂರೋ ಆಸುಪಾಸು. ಕಾಫಿ ಎಂದು ನೋಡಿದರೆ ದುಬಾರಿ. ಮೇಜು, ಬೆಚ್ಚಗಿನ ಕೋಣೆ, ನೀರು, ಶೌಚಾಲಯ ಎಲ್ಲ ಸೇರಿಸಿ ನೋಡಿದರೆ ನನಗೆ ನ್ಯಾಯವಾದ ಬೆಲೆ ಅನಿಸುತ್ತದೆ.

ಹೊರಡುವಾಗ 'ತ್ಸಾಲೆನ್ ಬಿಟ್ಟೆ' (ದುಡ್ಡು ಕೊಡಬೇಕು, ದಯವಿಟ್ಟು) ಎಂದರೆ ಓಬರ್ ಬಂದು ಮೊತ್ತ ಹೇಳುತ್ತಾರೆ. ಟಿಪ್ಪನ್ನು ಟೇಬಲ್ ಮೇಲೆ ಬಿಟ್ಟು ಹೋಗುವ ರೂಢಿ ಇಲ್ಲಿ ಕಡಿಮೆ. 18 ಯೂರೋ ಎಂದರೆ ನೀವು 20 ಎಂದು ಹೇಳಿ ನೋಟು ಕೊಟ್ಟರೆ ಅಲ್ಲಿಗೆ ಲೆಕ್ಕ ಮುಗಿಯಿತು. ಕಾರ್ಡ್ ಆದರೆ ಮೆಷಿನ್‌ನಲ್ಲಿ ಮೊತ್ತ ಒತ್ತುವ ಮೊದಲೇ ಹೇಳಬೇಕು. ಕಾರ್ಡ್ ತೆಗೆದುಕೊಳ್ಳದ ಕೆಫೆಗಳು ಇನ್ನೂ ಇವೆ, ಸ್ವಲ್ಪ ನಗದು ಇಟ್ಟುಕೊಂಡಿರಿ. ಸಾಮಾನ್ಯವಾಗಿ ಶೇಕಡಾ 10 ಸಾಕು. ಮಧ್ಯಾಹ್ನ ಪೂರ್ತಿ ಕೂತು, ನೀರಿನ ಲೋಟ ಎರಡು ಮೂರು ಸಲ ಬದಲಾಗಿದ್ದರೆ ನಾನು ಇನ್ನೂ ಸ್ವಲ್ಪ ಜಾಸ್ತಿ ಕೊಡುತ್ತೇನೆ.