ಮಕ್ಕಳಿಗೆ ಪಾಲಿಮರ್ ಕ್ಲೇ ಕಿಟ್ ತರಿಸುವವರು ಮೊದಲು ಆ ಸ್ಟಿಕ್ಕರ್ ಕಿತ್ತು ನೋಡಿ

ಬರೆಯೋದೋ ಬೇಡವೋ ಅಂತ ನಾಲ್ಕು ದಿನ ಒದ್ದಾಡಿದೆ. ನಾಚಿಕೆ ಆಗುತ್ತೆ. ಮಕ್ಕಳ ಸಾಮಾನು ಅಂದರೆ ಹಿಂದೆ ಮುಂದೆ ತಿರುಗಿಸಿ ಓದುವ ನಾನೇ ಮೋಸ ಹೋದೆ. ಆದರೆ ನಿನ್ನೆ ನೋಡಿದರೆ ಅದೇ ಕಿಟ್ ಇನ್ನೂ ಮಾರಾಟಕ್ಕಿದೆ. ಅದೇ ಫೋಟೋ. ಕೆಳಗೆ ಅದೇ ಸಾಲು, "3 ವರ್ಷದಿಂದ ಎಲ್ಲ ಮಕ್ಕಳಿಗೂ ಸುರಕ್ಷಿತ". ಇನ್ನು ಸುಮ್ನೆ ಕೂರೋಕೆ ಆಗಲಿಲ್ಲ.

ಮಗಳಿಗೆ 10 ವರ್ಷ, ಮಗನಿಗೆ 6. ರಜೆಯಲ್ಲಿ ಇಬ್ಬರೂ ಸೇರಿ ರಟ್ಟಿನ ಡಬ್ಬಗಳಲ್ಲಿ ಗೊಂಬೆಮನೆ ಕಟ್ಟಿದ್ದರು. ಅಡುಗೆಮನೆ ಖಾಲಿ ಇದೆ, ತಟ್ಟೆ ಲೋಟ ಹಣ್ಣು ಎಲ್ಲ ಬೇಕು ಅಂತ ಮಗಳು ಹಿಂದೆ ಬಿದ್ದಳು. ಪುಟಾಣಿ ವಸ್ತು ಮಾಡಿ ಮಾರುವ ಒಬ್ಬರ ಹತ್ತಿರ ಆನ್‌ಲೈನಲ್ಲಿ ಕಿಟ್ ತರಿಸಿದೆ. 12 ಬಣ್ಣದ ಪಾಲಿಮರ್ ಕ್ಲೇ (ಬೇಕಾದ ಆಕಾರ ಮಾಡಿ ಓವನ್‌ನಲ್ಲಿ ಬೇಯಿಸಿದರೆ ಗಟ್ಟಿಯಾಗುತ್ತಲ್ಲ, ಅದು), ನಾಲ್ಕೈದು ಕಡ್ಡಿ, ಒಂದು ಸೂಚನೆ ಹಾಳೆ. ಪ್ರತಿ ಪೊಟ್ಟಣದ ಮೇಲೂ ಹೂವಿನ ಚಿತ್ರದ ಹೊಳೆಯುವ ಸ್ಟಿಕ್ಕರ್. ಎಷ್ಟು ಚೆನ್ನಾಗಿದೆ ಅಂತ ಮಕ್ಕಳು ಅದನ್ನೇ ಸವರುತ್ತಾ ಕೂತಿದ್ದರು.

ಮೊದಲ ದಿನವೇ ಅನುಮಾನ ಬರಬೇಕಿತ್ತು. ಹೊಸ ಕ್ಲೇ ಸ್ವಲ್ಪ ಗಟ್ಟಿಯಿದ್ದರೂ ನಾದಿದರೆ ಅಂಗೈ ಬಿಸಿಗೆ ಮೆತ್ತಗಾಗುತ್ತೆ, ಅಲ್ವಾ? ಇದು ನಾದಿದಷ್ಟೂ ಪುಡಿ. ಮಾರಿದವರಿಗೆ ಮೆಸೇಜ್ ಹಾಕಿದೆ. "ಪಾಲಿಮರ್ ಕ್ಲೇ ಹಾಗೇ ಇರೋದು ಮೇಡಂ. ಸ್ವಲ್ಪ ನೀರು ಹಾಕಿ ಕಲಸಿ" ಅಂದರು. ನೀರು! ಪಾಲಿಮರ್ ಕ್ಲೇ ಹೆಸರಿಗೆ ಮಾತ್ರ ಮಣ್ಣು. ಇರೋದು ಪಿವಿಸಿ ಪ್ಲಾಸ್ಟಿಕ್ ಪುಡಿ, ಅದನ್ನ ಮೆದುವಾಗಿಡುವ ಎಣ್ಣೆಯಂಥ ದ್ರವ, ಮತ್ತೆ ಬಣ್ಣ. ಅದಕ್ಕೆ ನೀರು ಕೂಡುವುದೇ ಇಲ್ಲ. ಬಿಸಿ ಜಾಗದಲ್ಲಿ ಬಹಳ ದಿನ ಬಿದ್ದಿದ್ದರೆ ಪೊಟ್ಟಣದೊಳಗೇ ಅರ್ಧ ಬೆಂದು ಹೀಗೆ ಪುಡಿಯಾಗುತ್ತೆ. ಇದೆಲ್ಲ ನನಗೆ ಆಮೇಲೆ ಗೊತ್ತಾಯಿತು. ಆವತ್ತು ನಾನು ನಿಜವಾಗಿ ನೀರು ಹಾಕಿದೆ. ಒಂದು ಬಣ್ಣ ಪೂರ್ತಿ ಹಾಳಾಯಿತು.

ಆದರೂ ಮಕ್ಕಳು ಬಿಡಲಿಲ್ಲ. ಒಂದು ವಾರ ಸಂಜೆಯೆಲ್ಲ ಅದೇ ಕೆಲಸ. ಗೊಂಬೆಮನೆ ಸಾಮಾನಿಗೆ 1:12 ಅಳತೆ ಅಂತ ಮಗಳಿಗೆ ಹೇಳಿಕೊಟ್ಟಿದ್ದೆ. ಅವಳು ಊಟದ ತಟ್ಟೆಗೆ ಸ್ಕೇಲ್ ಇಟ್ಟು 24 ಸೆಂಟಿಮೀಟರ್ ಅಂತ ಬರೆದುಕೊಂಡು, 12ರಿಂದ ಭಾಗಿಸಿ, ಸರಿಯಾಗಿ 2 ಸೆಂಟಿಮೀಟರಿನ ತಟ್ಟೆ ಮಾಡಿದಳು. ಆರು ತಟ್ಟೆ. ಮಗ ಕಿತ್ತಳೆ ಮಾಡಿದ. ಉಂಡೆ ಕಟ್ಟಿ ಮರಳು ಕಾಗದದ ಮೇಲೆ ಉರುಳಿಸಿದರೆ ಸಿಪ್ಪೆಯಲ್ಲಿ ಇರುತ್ತಲ್ಲ ಆ ಸಣ್ಣ ಸಣ್ಣ ಗುಳಿಗಳು, ಹಾಗೇ ಮೂಡುತ್ತೆ. ತೊಟ್ಟಿನ ಜಾಗಕ್ಕೆ ಸೂಜಿ ಮೊನೆಯಿಂದ ಒಂದು ಚುಕ್ಕೆ. ಒಂಬತ್ತು ಕಿತ್ತಳೆ. ದಿನಾ ಎಣಿಸಿ ಮಲಗುತ್ತಿದ್ದ.

ಬೇಯಿಸುವ ದಿನ ಬಂತು. ಹಾಳೆಯಲ್ಲಿ 180 ಡಿಗ್ರಿ, 30 ನಿಮಿಷ ಅಂತ ಇತ್ತು. ನನಗೆ ಯಾಕೋ ಜಾಸ್ತಿ ಅನ್ನಿಸಿತು. ಕೇಳಿದೆ. ಕೇಳಿದೆ ಅನ್ನೋದನ್ನ ದಯವಿಟ್ಟು ಗಮನಿಸಿ. "180 ಜಾಸ್ತಿ ಆಗಲ್ವಾ ಸರ್?" ಬಂದ ಉತ್ತರ ಇದು: "ಹತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ ಮೇಡಂ. ಕಡಿಮೆ ಇಟ್ಟರೆ ಪುಡಿಯಾಗುತ್ತೆ. ಆಮೇಲೆ ನನ್ನನ್ನ ಕೇಳಬೇಡಿ." ಕೇಳಿದ್ದೇ ತಪ್ಪಾಯಿತೇನೋ ಅನ್ನಿಸಿ ಸುಮ್ಮನಾದೆ. 180 ಇಟ್ಟೆ.

ಹತ್ತು ನಿಮಿಷ ಆಗಿರಬೇಕು. ಮಕ್ಕಳಿಬ್ಬರೂ ಓವನ್ ಗಾಜಿಗೆ ಮೂಗು ತಾಗಿಸುವಷ್ಟು ಹತ್ತಿರ ನಿಂತಿದ್ದರು. ಬಿಳಿ ತಟ್ಟೆಗಳು ಕಂದು ಬಣ್ಣಕ್ಕೆ ತಿರುಗಿದವು. ಆಮೇಲೆ ಹೊಗೆ. ಮೂಗಿಗೆ ಚುಚ್ಚುವ ಘಾಟು, ಕಣ್ಣು ಉರಿ. ಮಗ ಕೆಮ್ಮೋಕೆ ಶುರು ಮಾಡಿದ. ಓವನ್ ಆರಿಸಿ, ಕಿಟಕಿ ಬಾಗಿಲು ತೆಗೆದು, ಇಬ್ಬರನ್ನೂ ಎಳೆದುಕೊಂಡು ಹೊರಗೆ ಓಡಿದೆ. ಪಿವಿಸಿ ಮಿತಿ ಮೀರಿ ಕಾದರೆ ಹೈಡ್ರೋಜನ್ ಕ್ಲೋರೈಡ್ ಅನ್ನೋ ಅನಿಲ ಬಿಡುತ್ತೆ. ಕಣ್ಣು, ಮೂಗು, ಗಂಟಲು ಸುಡುವ ಅನಿಲ. ನನ್ನ ಮಕ್ಕಳು ಅದನ್ನ ಉಸಿರಾಡಿದರು. ಸ್ವಲ್ಪ ಹೊತ್ತಿಗೆ ಕೆಮ್ಮು ನಿಂತಿತು, ಈಗ ಆರಾಮಾಗಿದ್ದಾನೆ. ಆದರೆ ಆ ಹತ್ತು ನಿಮಿಷ ನನ್ನ ತಲೆಯಿಂದ ಹೋಗ್ತಿಲ್ಲ.

ಸಂಜೆ ಅಡುಗೆಮನೆ ಒರೆಸುತ್ತಿದ್ದೆ. ಒದ್ದೆ ಕೈಯಲ್ಲಿ ಉಳಿದಿದ್ದ ಹಳದಿ ಪೊಟ್ಟಣ ಎತ್ತಿದೆ. ಸ್ಟಿಕ್ಕರಿನ ಮೂಲೆ ಎದ್ದು ಬಂತು. ಕೆಳಗೆ ಅಕ್ಷರ ಕಾಣಿಸಿತು. ಎಳೆದೆ.

110 ಡಿಗ್ರಿ. 30 ನಿಮಿಷ. ಹೆಚ್ಚು ಕಾಯಿಸಬೇಡಿ. ಮೈಕ್ರೋವೇವ್ ಬೇಡ. 8 ವರ್ಷಕ್ಕಿಂತ ಚಿಕ್ಕ ಮಕ್ಕಳಿಗಲ್ಲ.

ಎಲ್ಲ ಅಲ್ಲೇ ಇತ್ತು. ಕ್ಲೇ ತಯಾರಿಸಿದವರು ಅಚ್ಚು ಹಾಕಿದ್ದರು. ಇವರು ಅದರ ಮೇಲೆ ಹೂವು ಅಂಟಿಸಿದ್ದರು. ಎರಡನೆಯದು ಕಿತ್ತೆ, ಮೂರನೆಯದು ಕಿತ್ತೆ. ಹನ್ನೆರಡರಲ್ಲೂ ಸರಿಯಾಗಿ ಅದೇ ಜಾಗದ ಮೇಲೆ ಸ್ಟಿಕ್ಕರ್. ಒಂದು ವಾರ ಆ ಪೊಟ್ಟಣಗಳು ನನ್ನ ಮೇಜಿನ ಮೇಲೇ ಇದ್ದವು. ಮಕ್ಕಳು ಆ ಹೂವನ್ನೇ ಸವರುತ್ತಿದ್ದರು. ಅಡುಗೆಮನೆ ನೆಲದ ಮೇಲೆ ಕೂತುಬಿಟ್ಟೆ. ಕೋಪ ಆಮೇಲೆ ಬಂತು. ಮೊದಲು ಬಂದದ್ದು ಅಳು.

ಫೋಟೋ ಕಳಿಸಿದೆ. ನೋಡಿದರು, ಮೂರು ಗಂಟೆ ಉತ್ತರವಿಲ್ಲ. ಆಮೇಲೆ ಒಂದೊಂದಾಗಿ ಬಂದವು.

"ಅದು ಹಳೆ ಪ್ಯಾಕಿಂಗ್ ಮೇಡಂ."

"ನಿಮ್ಮ ಓವನ್ ಸರಿ ಇಲ್ಲ ಅನ್ಸುತ್ತೆ. ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ."

"ಒಡೆದ ಪೊಟ್ಟಣ ವಾಪಸ್ ತಗೊಳ್ಳಲ್ಲ."

ಇಷ್ಟನ್ನ ತಡೆದುಕೊಂಡೆ. ಕೊನೆಗೆ, "ಮಕ್ಕಳನ್ನ ಓವನ್ ಹತ್ತಿರ ಬಿಟ್ಟಿದ್ದು ನೀವು ತಾನೇ?"

ಹೌದು, ಬಿಟ್ಟಿದ್ದು ನಾನೇ. ಅದು ನನ್ನ ತಪ್ಪು, ಒಪ್ಪಿಕೊಳ್ತೀನಿ. ಆದರೆ ಎಚ್ಚರಿಕೆ ಮುಚ್ಚಿಟ್ಟವರು, ಕೇಳಿದಾಗಲೂ 180 ಅಂದವರು ಇದನ್ನ ನನಗೆ ಹೇಳೋದಾ? ಮಾರನೇ ದಿನ ಬೇಕಾದರೆ ಇನ್ನೊಂದು ಕಿಟ್ ಫ್ರೀ ಕಳಿಸ್ತೀನಿ ಅಂದರು. ಅದೇ ಕಿಟ್. ಬ್ಲಾಕ್ ಮಾಡಿದೆ. ಮಾಡುವ ಮುಂಚೆ ಎಲ್ಲ ಮೆಸೇಜಿನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡಿದ್ದೀನಿ. ನೀವೂ ತೆಗೆದಿಡಿ.

ತರಿಸುವವರು ಇಷ್ಟು ನೋಡಿಕೊಳ್ಳಿ. ಪೊಟ್ಟಣದ ಮೇಲೆ ತಯಾರಿಸಿದವರ ಹೆಸರು, ಡಿಗ್ರಿ, ನಿಮಿಷ, ವಯಸ್ಸು ಅಚ್ಚಾಗಿರಬೇಕು. ಒಳ್ಳೆ ಕಂಪನಿಗಳ ಕ್ಲೇ ಸಾಮಾನ್ಯವಾಗಿ 110ರಿಂದ 135 ಡಿಗ್ರಿ ಒಳಗೇ ಬೇಯುತ್ತೆ, ಯಾರಾದರೂ 180 ಅಂದರೆ ನಂಬಬೇಡಿ. ಯುರೋಪಿನ ಆಟಿಕೆ ಸುರಕ್ಷತೆ ಮಾನದಂಡದಲ್ಲಿ ಇಎನ್ 71-5 ಅನ್ನೋ ಭಾಗ ಓವನ್‌ನಲ್ಲಿ ಗಟ್ಟಿ ಮಾಡುವ ಇಂಥ ಪಿವಿಸಿ ಕ್ಲೇ ಸೆಟ್‌ಗಳಿಗೂ ಅನ್ವಯಿಸುತ್ತೆ. ಹಳೇ ಸ್ಟಾಕ್ ಅಂತೂ ಬೇಡವೇ ಬೇಡ. ಕ್ಲೇನ ಮೆದುವಾಗಿಡೋಕೆ ಮೊದಲು ಬಳಸುತ್ತಿದ್ದ ಥ್ಯಾಲೇಟ್ ಅನ್ನೋ ರಾಸಾಯನಿಕಗಳಲ್ಲಿ ಕೆಲವನ್ನ ಮಕ್ಕಳ ಆಟಿಕೆಯಲ್ಲಿ 0.1 ಶೇಕಡಾಗಿಂತ ಜಾಸ್ತಿ ಹಾಕಬಾರದು ಅಂತ ಅಮೆರಿಕದಲ್ಲಿ 2008ರಲ್ಲೇ ಕಾನೂನು ಬಂದಿದೆ. ಲೇಬಲ್ ಮುಚ್ಚಿದ್ದರೆ ಯಾವ ಕಾಲದ್ದು ಅಂತ ಹೇಗೆ ಗೊತ್ತಾಗಬೇಕು? ಓವನ್ ಒಳಗೆ ಬೇರೆ ಥರ್ಮಾಮೀಟರ್ ಇಡಿ, ಓವನ್ ಗುಂಡಿ ತೋರಿಸುವ ಡಿಗ್ರಿ ಬೇರೆ, ಒಳಗಿರುವ ಬಿಸಿ ಬೇರೆ. ಬೇಯುವಾಗ ಮಕ್ಕಳು ಬೇರೆ ಕೋಣೆಯಲ್ಲಿರಲಿ.

ಕಿತ್ತಳೆಯಲ್ಲಿ ಒಂದು ಮಾತ್ರ ಉಳಿದಿದೆ. ಟ್ರೇಗೆ ಇಡುವಾಗ ಕೆಳಗೆ ಬಿದ್ದಿತ್ತಂತೆ. ಮಗ ಅದನ್ನ ಬೆಂಕಿಪೊಟ್ಟಣದಲ್ಲಿ ಹಾಕಿ ಇಟ್ಟುಕೊಂಡಿದ್ದಾನೆ, ಬೇಯಿಸೋಕೆ ಕೊಡಲ್ಲ ಅಂತಾನೆ.

ಹೂವಿನ ಸ್ಟಿಕ್ಕರ್ ಇರುವ 12 ಬಣ್ಣದ ಕಿಟ್ ನಿಮ್ಮ ಮನೆಯಲ್ಲೂ ಇದ್ದರೆ, ಇವತ್ತೇ ಬೆರಳು ಒದ್ದೆ ಮಾಡಿಕೊಂಡು ಒಂದು ಮೂಲೆ ಎತ್ತಿ ನೋಡಿ.