ಅತ್ತೆ, ಮಾವ, ನಾಲ್ಕು ವರ್ಷದ ಮಗಳು: ಮೂರು ಹೊಸ ಡಾರ್ಕ್ ರೈಡ್‌ಗಳಲ್ಲಿ ಯಾವುದು ವಾಸಿ?

ಊರಿಂದ ಅಪ್ಪ ಅಮ್ಮನನ್ನೋ ಅತ್ತೆ ಮಾವನನ್ನೋ ಲಾಸ್ ಏಂಜಲೀಸ್‌ಗೆ ಕರೆಸಿಕೊಳ್ಳುವ ಗೆಳತಿಯರೆಲ್ಲ ಕೇಳುವುದು ಇದನ್ನೇ. ಯಾವ ಪಾರ್ಕಿಗೆ ಹೋಗೋಣ, ಎಲ್ಲರೂ ಒಟ್ಟಿಗೆ ಕೂರುವಂಥ ರೈಡ್ ಯಾವುದಿದೆ? ರೋಲರ್ ಕೋಸ್ಟರ್ ಮಾತು ಬಿಡಿ, ಅದಕ್ಕೆ ಮಂಡಿನೋವಿನ ಮಾವನೂ ಬರಲ್ಲ, ಪುಟ್ಟ ಮಗಳನ್ನೂ ಹತ್ತಿಸಲ್ಲ. ಉಳಿಯುವುದು ಡಾರ್ಕ್ ರೈಡ್. ದೊಡ್ಡ ಕಟ್ಟಡದೊಳಗೆ ಸಣ್ಣ ಗಾಡಿಯಲ್ಲಿ ಕೂರಿಸಿ, ಒಂದಾದ ಮೇಲೊಂದು ದೃಶ್ಯ ತೋರಿಸುತ್ತಾ ಕಥೆ ಹೇಳುವ ರೈಡು. ಒಳಗೆ ಕತ್ತಲು ಇರುತ್ತೆ ನಿಜ, ಆದರೆ ಹೆದರಿಸಲೇಬೇಕು ಅಂತೇನಿಲ್ಲ.

ಈಚೆಗೆ ಇಲ್ಲಿನ ಮೂರು ಪಾರ್ಕುಗಳಿಗೂ ಒಂದೊಂದು ಹೊಸದು ಬಂದಿದೆ. ಯೂನಿವರ್ಸಲ್ ಸ್ಟುಡಿಯೋಸ್ ಹಾಲಿವುಡ್‌ನಲ್ಲಿ 2021ರ ಏಪ್ರಿಲ್‌ನಲ್ಲಿ ‘ದಿ ಸೀಕ್ರೆಟ್ ಲೈಫ್ ಆಫ್ ಪೆಟ್ಸ್: ಆಫ್ ದಿ ಲೀಶ್’ ಶುರುವಾಯಿತು. ಅದೇ ವರ್ಷ ಬ್ಯೂನಾ ಪಾರ್ಕ್ ಊರಿನ ನಾಟ್ಸ್ ಬೆರ್ರಿ ಫಾರ್ಮ್‌ನಲ್ಲಿ ‘ನಾಟ್ಸ್ ಬೇರ್-ಈ ಟೇಲ್ಸ್: ರಿಟರ್ನ್ ಟು ದಿ ಫೇರ್’. 2023ರ ಜನವರಿ 27ಕ್ಕೆ ಡಿಸ್ನಿಲ್ಯಾಂಡ್‌ನಲ್ಲಿ ‘ಮಿಕ್ಕಿ ಅಂಡ್ ಮಿನ್ನೀಸ್ ರನ್‌ಅವೇ ರೈಲ್ವೇ’. ಮೂರಕ್ಕೂ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಹೋಗಿ ಬಂದಿದ್ದೇನೆ. ನಾನು ನೋಡಿದ್ದು ಮುಖ್ಯವಾಗಿ ಒಂದೇ ವಿಷಯ: ಒಳಗೆ ಪರದೆ ಎಷ್ಟು, ನಿಜವಾದ ಗೊಂಬೆ ಎಷ್ಟು.

ಡಿಸ್ನಿಯದು ಮೊದಲು. ಇದರ ಅಕ್ಕ, ಅಂದರೆ ಇದೇ ಹೆಸರಿನ ಮೊದಲ ರೈಡು, ಫ್ಲಾರಿಡಾದ ಡಿಸ್ನಿ ಪಾರ್ಕಿನಲ್ಲಿದೆ, 2020ರ ಮಾರ್ಚ್‌ನಲ್ಲಿ ಶುರುವಾದದ್ದು. ಮಿಕ್ಕಿ ಹೆಸರಲ್ಲೇ ನಡೆಯುವ ಸಾಮ್ರಾಜ್ಯದಲ್ಲಿ ಮಿಕ್ಕಿಯೇ ಹೀರೋ ಆದ ಇಂಥ ರೈಡು ಅಲ್ಲಿಯ ತನಕ ಒಂದೂ ಇರಲಿಲ್ಲ ಅಂದರೆ ನಂಬುತ್ತೀರಾ? ಡಿಸ್ನಿಲ್ಯಾಂಡ್‌ನಲ್ಲಿ ಇದಿರುವುದು ಕಾರ್ಟೂನ್ ಊರಿನಂತೆ ಮಾಡಿರುವ ಟೂನ್‌ಟೌನ್ ಭಾಗದಲ್ಲಿ, ಹಳೇ ಸಿನಿಮಾ ಥಿಯೇಟರಿನಂತೆ ಕಟ್ಟಿದ ಕಟ್ಟಡದೊಳಗೆ. ಕ್ಯೂನಲ್ಲಿ ಮಿಕ್ಕಿಯ ಹಳೇ ಪೋಸ್ಟರುಗಳು, ಬಟ್ಟೆಬರೆ, ಸಾಮಾನುಗಳನ್ನೆಲ್ಲ ಮ್ಯೂಸಿಯಮ್ ಥರ ಜೋಡಿಸಿಟ್ಟಿದ್ದಾರೆ. ಕಾಯುವುದು ಅಷ್ಟು ಬೇಜಾರಾಗುವುದಿಲ್ಲ. ಆಮೇಲೆ ಒಂದು ಕೋಣೆಯಲ್ಲಿ ಎಲ್ಲರನ್ನೂ ನಿಲ್ಲಿಸಿ ಕಾರ್ಟೂನ್ ಹಾಕುತ್ತಾರೆ, ಮಿಕ್ಕಿ ಮಿನ್ನಿ ಪಿಕ್ನಿಕ್ ಹೊರಟಿರುತ್ತಾರೆ, ಢಮ್ ಅಂತ ಏನೋ ಸಿಡಿಯುತ್ತೆ, ನೋಡಿದರೆ ಪರದೆಯಲ್ಲೇ ದೊಡ್ಡ ತೂತು, ಆ ತೂತಿನೊಳಗೇ ನಾವು ನಡೆದುಕೊಂಡು ಹೋಗಬೇಕು! ಅತ್ತೆ ಅಲ್ಲೇ ನಿಂತು, "ಹೌದೇನೇ, ಇದರೊಳಗೇ ಹೋಗಬೇಕಾ?" ಅಂತ ಸೆರಗು ಸರಿಮಾಡಿಕೊಂಡರು.

ಗೂಫಿ ಓಡಿಸುವ ರೈಲು, ಹಿಂದೆ ನಾಲ್ಕು ಡಬ್ಬಿ. ಸ್ವಲ್ಪ ದೂರ ಹೋಗುತ್ತಿದ್ದಂತೆ ಡಬ್ಬಿಗಳು ಕಳಚಿಕೊಂಡು ಒಂದೊಂದು ಒಂದೊಂದು ದಿಕ್ಕಿಗೆ ಓಡುತ್ತವೆ. ಕೆಳಗೆ ಹಳಿ ಇಲ್ಲ, ಎಲ್ಲ ಕಂಪ್ಯೂಟರ್ ನಡೆಸುವುದು. ಸುಂಟರಗಾಳಿ, ಜಲಪಾತ, ನೀರಿನಡಿ, ಊರಿನ ಬೀದಿ, ಹೀಗೆ ಸಾಗುತ್ತೆ. ಡೇಸಿಯ ಡಾನ್ಸ್ ಕ್ಲಾಸಿನಲ್ಲಂತೂ ನಾಲ್ಕೂ ಡಬ್ಬಿಗಳು ಒಟ್ಟಿಗೆ ಹೆಜ್ಜೆ ಹಾಕುತ್ತವೆ. ನನ್ನ ಮಗಳು ಅಲ್ಲಿ ಪಕ್ಕದ ಡಬ್ಬಿಯವರಿಗೆಲ್ಲ ಟಾಟಾ ಮಾಡಿದಳು. ಇಲ್ಲಿ ಚಪ್ಪಟೆ ಪರದೆ ಕಡಿಮೆ. ಸೆಟ್ ಕಟ್ಟಿ, ಆ ಸೆಟ್ಟಿನ ಮೇಲೇ ಪ್ರೊಜೆಕ್ಟರಿನಿಂದ ಚಿತ್ರ ಬಿಡುತ್ತಾರೆ, ಗೊಂಬೆಗಳ ಮುಖಕ್ಕೂ ಕಣ್ಣು ಬಾಯಿ ಹಾಗೇ ಬರುತ್ತೆ. ಕನ್ನಡಕ ಹಾಕಿಕೊಳ್ಳುವ ರಗಳೆ ಇಲ್ಲ. ಬುದ್ಧಿವಂತಿಕೆಯ ಕೆಲಸ, ಒಪ್ಪಲೇಬೇಕು. ಆದರೆ ಒಂದು ದೃಶ್ಯ ಕಣ್ಣಿಗೆ ಹತ್ತುವ ಮೊದಲೇ ಇನ್ನೊಂದು ಬಂದುಬಿಡುತ್ತೆ. ಹೊರಗೆ ಬಂದ ಮೇಲೆ ಮಾವನನ್ನು ಕಥೆ ಏನು ಅಂತ ಕೇಳಿದರೆ, "ಪಿಕ್ನಿಕ್‌ಗೆ ಹೋದರು, ಮಧ್ಯ ಏನೇನೋ ಆಯ್ತು" ಅಂದರು. ಇದಕ್ಕಿಂತ ಸರಿಯಾದ ವಿಮರ್ಶೆ ನನಗೂ ಬರೆಯೋಕಾಗಲ್ಲ.

ಪೆಟ್ಸ್ ಇದಕ್ಕೆ ಪೂರ್ತಿ ಉಲ್ಟಾ. ನಿಧಾನ. ಗಾಡಿಯಲ್ಲಿ ಕೂತ ನಾವೆಲ್ಲ ಮನೆ ಇಲ್ಲದ ನಾಯಿಮರಿಗಳು, ನ್ಯೂಯಾರ್ಕ್ ಬೀದಿಗಳನ್ನು ದಾಟಿ ಯಾರಾದರೂ ದತ್ತು ತೆಗೆದುಕೊಳ್ಳುವ ಜಾಗಕ್ಕೆ ಹೋಗಬೇಕು, ಅಷ್ಟೇ ಕಥೆ. ನಾಲ್ಕು ವರ್ಷದವಳಿಗೂ ಅರ್ಥವಾಗುತ್ತೆ, ಇಂಗ್ಲಿಷ್ ಬಾರದ ಅತ್ತೆಗೂ ಅರ್ಥವಾಗುತ್ತೆ. ಕ್ಯೂ ಕೂಡ ಅಪಾರ್ಟ್‌ಮೆಂಟ್ ಒಳಗೇ ಹಾದುಹೋಗುತ್ತೆ, ಬೆಕ್ಕು ನಾಯಿಗಳ ಮನೆಗಳಲ್ಲಿ ಇಣುಕಿಕೊಂಡು ಹೋಗುವುದೇ ಅರ್ಧ ಮಜಾ. ಒಳಗೆ ಅಲುಗಾಡುವ, ಮಾತಾಡುವ ಗೊಂಬೆಗಳು 60ಕ್ಕೂ ಜಾಸ್ತಿ. ದಸರಾಗೆ ಒಂಬತ್ತು ಮೆಟ್ಟಿಲು ಗೊಂಬೆ ಕೂರಿಸಿ, ಅವಕ್ಕೆಲ್ಲ ಜೀವ ಬಂದು, ನಾವು ಅದರ ಮಧ್ಯೆ ಗಾಡಿಯಲ್ಲಿ ಹೋದ ಹಾಗೆ. ಅತ್ತೆ ಎಡಗಡೆ ತೋರಿಸುತ್ತಾರೆ, ಮಗಳು ಬಲಗಡೆ ತೋರಿಸುತ್ತಾಳೆ, ಇಬ್ಬರಿಗೂ ನೋಡೋಕೆ ಏನೋ ಒಂದು ಸಿಗುತ್ತೆ. ಇದು ಪರದೆಯಲ್ಲಿ ಆಗುವ ಕೆಲಸ ಅಲ್ಲ. ಪರದೆಯಿದ್ದರೆ ಎಲ್ಲರೂ ಒಂದೇ ಕಡೆ ಬಾಯಿ ಬಿಟ್ಟುಕೊಂಡು ನೋಡುತ್ತಾ ಕೂರುವುದು, ಮನೆಯಲ್ಲಿ ಟಿವಿ ನೋಡೋದಕ್ಕೂ ಅದಕ್ಕೂ ಏನು ವ್ಯತ್ಯಾಸ?

ಹೊಸ ತಂತ್ರಜ್ಞಾನ ಬೇಡ ಅಂತ ನಾನು ಹೇಳ್ತಿಲ್ಲ. ಬೇಗ ಹಳತಾಗುವುದು ಯಾವುದು ಅನ್ನೋದೇ ಪ್ರಶ್ನೆ. ಡಿಸ್ನಿಲ್ಯಾಂಡ್‌ನ ಪೈರೇಟ್ಸ್ ಆಫ್ ದಿ ಕೆರಿಬಿಯನ್ ಶುರುವಾದದ್ದು 1967ರಲ್ಲಿ, ಇವತ್ತಿಗೂ ಜನ ಕ್ಯೂ ನಿಲ್ಲುತ್ತಾರೆ, ಅಲ್ವಾ? ಅಲ್ಲಿರುವುದು ಗೊಂಬೆ, ನೀರು, ದೀಪ.

ಇನ್ನು ನಾಟ್ಸ್. ಈ ಕಟ್ಟಡದ ಚರಿತ್ರೆಯೇ ನನ್ನ ವಾದಕ್ಕೆ ಸಾಕ್ಷಿ. 1975ರಲ್ಲಿ ಇಲ್ಲಿ ಮೊದಲು ಬೇರ್-ಈ ಟೇಲ್ಸ್ ಬಂತು, ಡಿಸ್ನಿಯಲ್ಲಿ ಕೆಲಸ ಮಾಡಿದ್ದ ರಾಲಿ ಕ್ರಂಪ್ ವಿನ್ಯಾಸ ಮಾಡಿದ್ದು, ಕರಡಿಗಳು, ಕಪ್ಪೆಗಳು, ಬಾಯ್ಸನ್‌ಬೆರ್ರಿ ಹಣ್ಣಿನ ಪರಿಮಳ. ಅದನ್ನು ತೆಗೆದು ಡೈನೋಸಾರ್ ಇಟ್ಟರು. ಅದೂ ಹೋಯಿತು. 2015ರಲ್ಲಿ ಪರದೆಗೆ ಗುಂಡು ಹೊಡೆಯುವ ‘ಐರನ್ ರೀಫ್’ ತಂದರು, ಐದೇ ವರ್ಷಕ್ಕೆ ಅದರ ಕಥೆಯೂ ಮುಗಿಯಿತು. ಆಮೇಲೆ ಪಾರ್ಕಿನ ನೂರನೇ ವರ್ಷದ ಸಂಭ್ರಮಕ್ಕೆ ಹಳೇ ಕರಡಿಗಳನ್ನೇ ವಾಪಸ್ ಕರೆದರು. ಜನ ನಲವತ್ತು ವರ್ಷ ಆದರೂ ನೆನಪಿಟ್ಟುಕೊಂಡದ್ದು ಯಾವುದನ್ನ ನೋಡಿ!

ಆದರೆ ಬಂದಿರುವ ಕರಡಿಗಳು ಮಾತ್ರ ಹೆಚ್ಚಾಗಿ ಪರದೆಯ ಮೇಲೇ. ತ್ರೀಡಿ ಕನ್ನಡಕ ಹಾಕಿಕೊಂಡು, ಕಡುಬಿನಂಥ ಪೈಗಳನ್ನು ಕದ್ದ ಕಯೋಟಿ (ತೋಳದ ಜಾತಿಯ ಪ್ರಾಣಿ) ಮತ್ತು ಅವನ ಮರಿಗಳ ಮೇಲೆ ಜಾಮ್ ಹೊಡೆಯಬೇಕು, ಅಂಕಗಳು ಬರುತ್ತವೆ. ಬೆರ್ರಿ ವಾಸನೆ ಈಗಲೂ ಬಿಡುತ್ತಾರೆ, ಅದೊಂದು ಖುಷಿ. ನಾಲ್ಕನೇ ಕ್ಲಾಸಿನ ನಮ್ಮ ಅಕ್ಕನ ಮಗನಿಗೆ ಮೂರರಲ್ಲಿ ಇದೇ ಫಸ್ಟ್. ಅವನೂ ನನ್ನ ಗಂಡನೂ ಅಂಕಕ್ಕಾಗಿ ಜಗಳ ಆಡಿಕೊಂಡು ಮತ್ತೆ ಕ್ಯೂ ಸೇರಿಕೊಂಡರು. ಚಾಳೀಸಿನ ಮೇಲೆ ಇನ್ನೊಂದು ಕನ್ನಡಕ ಏರಿಸಿಕೊಳ್ಳುವ ಹಿರಿಯರಿಗೆ ಇದು ಅಷ್ಟಕ್ಕಷ್ಟೇ. ಅವರಿಗೆ ಕೈಯಲ್ಲಿ ಗನ್ ಕೊಟ್ಟರೆ ದೃಶ್ಯ ನೋಡೋದು ತಪ್ಪಿಹೋಗುತ್ತೆ, ಗನ್ ಬಿಟ್ಟರೆ ಮಾಡೋಕೆ ಕೆಲಸ ಇಲ್ಲ.

ಒಂದೇ ಪಾರ್ಕಿಗೆ ದುಡ್ಡಿದೆ ಅನ್ನುವವರು ಡಿಸ್ನಿಲ್ಯಾಂಡ್‌ಗೇ ಹೋಗಿ, ಯಾಕಂದ್ರೆ ಅಲ್ಲಿ ರನ್‌ಅವೇ ರೈಲ್ವೇ ಜೊತೆಗೆ ಪೈರೇಟ್ಸ್, ಹಾಂಟೆಡ್ ಮ್ಯಾನ್ಷನ್ ಎಲ್ಲವೂ ಸಿಗುತ್ತವೆ, ಮನೆಯಿಂದ ಚಿತ್ರಾನ್ನ ಕಟ್ಟಿಕೊಂಡು ಹೋಗೋಕೂ ಬಿಡುತ್ತಾರೆ. ಗಾಜಿನ ಡಬ್ಬಿ ಬೇಡ ಅಷ್ಟೇ. ರೈಡು ರೈಡಿಗೆ ಹೋಲಿಸಿದರೆ ನನ್ನ ವೋಟು ಪೆಟ್ಸ್‌ಗೆ. ಯೂನಿವರ್ಸಲ್‌ನಲ್ಲಿ ಇದು ಮೇಲಿನ ಭಾಗದಲ್ಲಿದೆ, ಆ ಉದ್ದುದ್ದ ಎಸ್ಕಲೇಟರ್‌ಗಳಲ್ಲಿ ಕೆಳಗಿಳಿದು ಹತ್ತುವ ಅಗತ್ಯ ಬೀಳಲ್ಲ, ಮಂಡಿಯವರಿಗೆ ಅನುಕೂಲ. ಕೆಳಗಿರುವ ಮಾರಿಯೋ ಕಾರ್ಟ್‌ಗೆ 40 ಇಂಚು ಎತ್ತರ ಬೇಕು, ತಲೆಗೆ ಪಟ್ಟಿ ಬಿಗಿದುಕೊಳ್ಳಬೇಕು, ಅದು ದೊಡ್ಡ ಮಕ್ಕಳ ಪಾಲಿಗಿರಲಿ. ನಾಟ್ಸ್‌ಗೆ ಹೋದವರು ವಾಪಸ್ ಬರುವಾಗ ಹತ್ತಿರದ ಆರ್ಟೀಸಿಯಾದಲ್ಲಿ ದೋಸೆ ತಿನ್ನಬಹುದು, ಪೈ ತಿಂದ ಮೇಲೂ ಹೊಟ್ಟೆಯಲ್ಲಿ ಜಾಗ ಉಳಿದಿದ್ದರೆ.

ಮೂರೂ ಕಡೆ ಮೂರು ವರ್ಷ ತುಂಬದ ಮಕ್ಕಳಿಗೆ ಟಿಕೆಟ್ ಇಲ್ಲ, ಹಾಗಾಗಿ ಹುಟ್ಟುಹಬ್ಬಕ್ಕೆ ಮೊದಲೇ ಹೋಗಿಬರುವ ಲೆಕ್ಕಾಚಾರ ಎಲ್ಲರದ್ದೂ. ರನ್‌ಅವೇ ರೈಲ್ವೇಗೆ ಎತ್ತರದ ಮಿತಿ ಇಲ್ಲ, ಕೈಗೂಸನ್ನೂ ಕೂರಿಸಿಕೊಳ್ಳಬಹುದು. ಪೆಟ್ಸ್‌ಗೆ ಮಾತ್ರ 34 ಇಂಚು ಇರಲೇಬೇಕು, ಅಂದರೆ ಸುಮಾರು 86 ಸೆಂಟಿಮೀಟರ್, ಎರಡು ವರ್ಷದ ಮಕ್ಕಳು ಸರಿಯಾಗಿ ಆ ಗೆರೆಯ ಹತ್ತಿರವೇ ಇರುತ್ತಾರೆ. ಮನೆಯಲ್ಲೇ ಗೋಡೆಗೆ ನಿಲ್ಲಿಸಿ ಅಳೆದು ನೋಡಿ, ಆಮೇಲೆ ಟಿಕೆಟ್ ತೆಗೆಯಿರಿ.